ಯಮನ ಅಕೌಂಟಿಗೆ ಕನ್ನ ಹಾಕಿದ ನಮ್ಮ ಭಾವ

ನಮ್ಮ ಭಾವ ಸಾಯುವುದಿಲ್ಲ.

ಗಾಬರಿಯಾಗಬೇಡಿ. ಇದು ನನ್ನ ಹಾರೈಕೆಯೂ ಅಲ್ಲ, ಯಾವ ಜ್ಯೋತಿಷಿಯ ಮಾತೂ ಅಲ್ಲ. ಸ್ವತಃ ಅವರೇ ಕೈಗೊಂಡಿರುವ ತೀರ್ಮಾನ. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಠರಾವು ಪಾಸು ಮಾಡಿದಷ್ಟು ಸಲೀಸಾಗಿ, ಒಂದು ಭಾನುವಾರ ಬೆಳಗ್ಗೆ ಕೊಡಿಗೇಹಳ್ಳಿಯ ತಮ್ಮ ಮನೆಯ ವರಾಂಡದಲ್ಲಿ ಕುಳಿತು, "ನೂರಿಪ್ಪತ್ತರ ತನಕ ನಾನು ಎಲ್ಲೂ ಹೋಗಲ್ಲ ಕಣೋ. ಆಮೇಲೆ ನೋಡೋಣ" ಎಂದುಬಿಟ್ಟರು. ಆಮೇಲೆ ನೋಡೋಣವಂತೆ! ನೋಡುವುದಕ್ಕೆ ನಾವಿರಬೇಕಲ್ಲ?

ಭಾವ ಎಂದರೆ ನಮ್ಮಕ್ಕನ ಯಜಮಾನರು. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಮೇಂಟೆನೆನ್ಸ್ ಸೆಕ್ಷನ್ನಿನಲ್ಲಿ ಜೀವ ತೇದು ನಿವೃತ್ತರಾದವರು. ಅವರ ಪ್ರಕಾರ ಈ ಲೋಕದಲ್ಲಿರುವುದು ಎರಡೇ ಜಾತಿ: ಕೆಟ್ಟ ಮೇಲೆ ರಿಪೇರಿ ಮಾಡುವವರು ಮತ್ತು ಕೆಡುವುದಕ್ಕೆ ಮುಂಚೆಯೇ ಸರ್ವೀಸು ಮಾಡುವವರು. ಅವರ ಮನೆಯ ಗೇಟು ಕಿರುಗುಟ್ಟಿದ್ದನ್ನು ಯಾರೂ ಕೇಳಿಲ್ಲ. ಅದಕ್ಕೆ ಆ ಅವಕಾಶವನ್ನೇ ಅವರು ಕೊಟ್ಟಿಲ್ಲ. ಫ್ಯಾನು, ಮಿಕ್ಸಿ, ಸಂಪಿನ ಮೋಟಾರು ಎಲ್ಲವೂ ಎಣ್ಣೆ ಕಂಡಿದ್ದವು. ಸರ್ವೀಸಾಗದೆ ಉಳಿದಿದ್ದ ಯಂತ್ರವೆಂದರೆ ಅವರೊಬ್ಬರೇ! ಹೋದ ವರ್ಷ ಅದೇ ಕೈಕೊಟ್ಟಿತು. ಎದೆ ಹಿಡಿದುಕೊಂಡಿತು, ಆಸ್ಪತ್ರೆಗೆ ಓಡಿದ್ದಾಯಿತು, ಸ್ಟೆಂಟ್ ಹಾಕಿದ್ದಾಯಿತು.

ಮನೆಗೆ ಕಳಿಸುವಾಗ ಡಾಕ್ಟರು, "ನಡೀರಿ, ಉಪ್ಪು ಕಮ್ಮಿ ಮಾಡಿ. ಆದ್ರೆ ಈ ಮಾತ್ರೆ ಮಾತ್ರ ಲೈಫ್‌ಲಾಂಗ್ ಬಿಡೋ ಹಾಗಿಲ್ಲ" ಎಂದರು.

"ಲೈಫ್‌ಲಾಂಗ್ ಅಂದ್ರೆ ಎಷ್ಟು ವರ್ಷ ಡಾಕ್ಟ್ರೇ?" ಎಂದು ಕೇಳಿದರು ಭಾವ.

ಡಾಕ್ಟರು ನಕ್ಕರು. ಆ ನಗು ಭಾವನವರಿಗೆ ಹಿಡಿಸಲಿಲ್ಲ. ವಾರಂಟಿ ಪೀರಿಯಡ್ ಕೇಳಿದರೆ ನಗುವ ಕಂಪನಿಯನ್ನು ಯಾರು ತಾನೆ ನಂಬುತ್ತಾರೆ? ಮನೆಗೆ ಬಂದವರೇ ಫೋನ್ ಹಿಡಿದು ಕುಳಿತರು. ವಾರ ಕಳೆಯುವಷ್ಟರಲ್ಲಿ ಎಲ್ಲೋ ದೂರದೇಶದ, ಕೂದಲಿಗಿಂತ ಹಲ್ಲೇ ಹೆಚ್ಚು ಹೊಳೆಯುವ ಒಬ್ಬ ಮನುಷ್ಯ ಅವರಿಗೆ ಗುರುವಾಗಿ ಸಿಕ್ಕಿದ್ದ. ಅವನು ಹೇಳಿಕೊಡುತ್ತಿದ್ದ ವಿದ್ಯೆಯ ಹೆಸರು ಬಯೋಹ್ಯಾಕಿಂಗ್.

ಅಕ್ಕ ಹುಬ್ಬು ಗಂಟಿಕ್ಕಿದಳು. "ಹ್ಯಾಕಿಂಗ್ ಅಂದ್ರೆ ಬ್ಯಾಂಕ್ ಅಕೌಂಟಿಂದ ದುಡ್ಡು ಹೊಡಿಯೋದಲ್ವೇನ್ರೀ?"

"ಇದೂ ಅದೇ ಕಣೇ. ಇದು ಯಮನ ಅಕೌಂಟಿಂದ ವರ್ಷ ಹೊಡಿಯೋದು!"

ಅಂದು ಸಂಜೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ಲೋ, ಇವ್ರು ಐಸಲ್ಲಾದ್ರೂ ಕೂತ್ಕೊಳ್ಳಲಿ, ಬೆಂಕೀಲಾದ್ರೂ ಕೂತ್ಕೊಳ್ಳಲಿ. ಆ ಮಾತ್ರೆ ಒಂದು ಬಿಡದ ಹಾಗೆ ನೋಡ್ಕೋ. ಅದನ್ನೂ ಬಿಟ್ಟು ಏನಾದ್ರೂ ಆದ್ರೆ ನಾನೇನ್ ಮಾಡ್ಲಿ ಹೇಳು?"

ಈ ಕೆಲಸಕ್ಕೆ ಅಕ್ಕ ಆರಿಸಿದ್ದು ಯಾರನ್ನು ನೋಡಿ! ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹೆಬ್ಬಾಳ ಫ್ಲೈಓವರಿನಿಂದ ಆರ್‌.ಟಿ. ನಗರದ ಮನೆಗೆ ವಾಪಸಾಗುವ ಮನುಷ್ಯ ನಾನು. ಬೆಳಗ್ಗೆ ಬೇಗ ಫೋನ್ ಬಡಿದುಕೊಂಡರೆ "ಹಲೋ" ಎನ್ನುವ ಬದಲು "ಯಾರು ಹೋದ್ರು?" ಎನ್ನುತ್ತೇನೆ. ಅಂಥವನು ಸಾವನ್ನೇ ಲೆಕ್ಕಕ್ಕಿಡದವರ ಬಾಡಿಗಾರ್ಡ್ ಆದೆ. ಎದೆನೋವು ಬಂದರೆ ನಾಲಿಗೆಯಡಿ ಇಡುವ ಮಾತ್ರೆಯೊಂದನ್ನು ಅಂಗಿ ಜೇಬಿಗೆ ಸೇರಿಸಿಕೊಂಡು ಡ್ಯೂಟಿಗೆ ಹಾಜರಾದೆ.

ಮೊದಲ ಪ್ರಯೋಗವೇ ಐಸ್ ಸ್ನಾನ. ಕಾವೇರಿ ನೀರು ಬಾರದ ದಿನಗಳಿಗೆಂದು ಅಕ್ಕ ನೀರು ತುಂಬಿಡುವ ನೀಲಿ ಡ್ರಮ್ಮನ್ನು ಭಾವ ಹಿತ್ತಿಲಿಗೆ ಉರುಳಿಸಿದರು. ಯಶವಂತಪುರದ ಕಡೆಯಿಂದ ಆಟೋದಲ್ಲಿ ಗೋಣಿ ಸುತ್ತಿದ ಐಸ್ ಗಡ್ಡೆಗಳು ಬಂದಿಳಿದವು.

"ಭಾವ, ಎದೇಲಿ ಸ್ಟೆಂಟ್ ಇದೆ. ಡಾಕ್ಟ್ರನ್ನ ಕೇಳಿದ್ರಾ?"

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಿಲ್ಲ."

ಭಾವ ಡ್ರಮ್ಮಿಗೆ ಇಳಿದರು. ಅವರ ಬಾಯಿಂದ ಹೊರಟ ಸ್ವರ ಯಾವ ರಾಗದ್ದೆಂದು ಹೇಳಲಾರೆ. ಆದರೆ ಕೇಳಿದ ಎದುರುಮನೆಯವರು ಬಾಗಿಲು ಹಾಕಿಕೊಂಡರು. ಮೊಣಕಾಲು ಮುಳುಗಿತು, ಹೊಟ್ಟೆ ಮುಳುಗುವಷ್ಟರಲ್ಲಿ ನನ್ನ ಧೈರ್ಯವೂ ಮುಳುಗಿತು. ಡ್ರಮ್ಮನ್ನೇ ಅಡ್ಡಕೆಡವಿಬಿಟ್ಟೆ! ನೀರು, ಐಸು, ಭಾವ, ಮೂರೂ ಒಟ್ಟಿಗೆ ಹಿತ್ತಿಲಿಗೆ ಹರಿದು ಬಂದವು.

ಮಜಾ ಶುರುವಾದದ್ದು ಆಮೇಲೆ. ಕಾಂಪೌಂಡಿನ ಮೇಲೆ ಒಂದು ಬೆಕ್ಕು ಪ್ರತ್ಯಕ್ಷವಾಯಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಏರಿಯಾದ ಬೆಕ್ಕುಗಳೆಲ್ಲ ಭಾವನವರನ್ನು ಸುತ್ತುವರಿದು, ಭಕ್ತಿಯಿಂದ ಅವರ ಕಾಲು ನೆಕ್ಕತೊಡಗಿದವು. ವಿಚಾರಿಸಿದರೆ, ಆ ಐಸಿನವನು ಮೀನಂಗಡಿಗಳಿಗೆ ಸಪ್ಲೈ ಮಾಡುವವನಂತೆ, ಗೋಣಿಚೀಲವೂ ಅಲ್ಲಿಯದೇ.

ಅಕ್ಕ ಮೂಗಿಗೆ ಸೆರಗು ಹಿಡಿದಳು. "ಈ ಮನೇಲಿ ಒಂದು ಮೊಟ್ಟೆ ಒಡೆದವಳಲ್ಲ ನಾನು. ನೀವು ನೋಡಿದ್ರೆ ಬಂಗಡೆ ವಾಸ್ನೆ ಹೊಡ್ಕೊಂಡು ದೇವರಮನೆ ಮುಂದೆ ಓಡಾಡ್ತಿದೀರಲ್ರೀ!"

ಡ್ರಮ್ಮು ಹುಣಸೆಹಣ್ಣು ಹಚ್ಚಿ ಉಜ್ಜಿಸಿಕೊಂಡು ಸ್ವಸ್ಥಾನಕ್ಕೆ ಮರಳಿತು. ಬೆಕ್ಕುಗಳು ಮಾತ್ರ ಬಹಳ ದಿನ ಭಾವನವರ ವಾಕಿಂಗಿಗೆ ಜೊತೆಯಾದವು.

ಐಸು ಹೋಗಿ ಕೆಂಪು ದೀಪ ಬಂತು. ಕೆಂಪು ಬೆಳಕಿಗೆ ಮೈಯೊಡ್ಡಿದರೆ ಜೀವಕೋಶಗಳಿಗೆ ಹುರುಪು ಬರುತ್ತದಂತೆ. ವಿದೇಶದ ಪ್ಯಾನೆಲ್ ದುಬಾರಿಯಾದ್ದರಿಂದ ಭಾವ ತಾವೇ ಕೆಂಪು ಬಲ್ಬುಗಳನ್ನು ತಂದು, ಹಲಗೆಗೆ ಜೋಡಿಸಿ, ರಸ್ತೆಗೆ ತೆರೆದ ಮುಂದಿನ ರೂಮಿನಲ್ಲಿ ಅಂಗಿ ಕಳಚಿ ಕೂರತೊಡಗಿದರು. ಸಂಜೆಯಾದರೆ ಕಿಟಕಿಯೆಲ್ಲ ಕೆಂಪುಕೆಂಪು! ಒಂದು ಸಂಜೆ ಬೆಲ್ಲಾಯಿತು. ನಾನೇ ಬಾಗಿಲು ತೆರೆದೆ. ಅಚ್ಚುಕಟ್ಟಾಗಿ ಇನ್‌ಶರ್ಟ್ ಮಾಡಿದ್ದ ಇಬ್ಬರು ನಿಂತಿದ್ದರು.

"ಗುರು, ಈ ಬಾರ್ ಯಾವಾಗ ಓಪನ್ ಆಯ್ತು? ಫ್ಯಾಮಿಲಿ ಸೆಕ್ಷನ್ ಬೇಡ, ನಾವಿಬ್ರೇ. ಮೂಲೇಲಿ ಒಂದು ಟೇಬಲ್ ಇದ್ರೆ ಸಾಕು."

ಒಳಗಿಂದ ಅಕ್ಕ ಕೂಗಿದಳು, "ಯಾರೋ ಅದು?"

"ಗಿರಾಕಿಗಳು ಅಕ್ಕಾ" ಎಂದೆ. ಮರುದಿನವೇ ಆ ಕಿಟಕಿಗೆ ದಪ್ಪ ಪರದೆ ಬಂತು.

ಮನೆಮದ್ದು ಸಾಲದೆಂದು ಭಾವ ನನ್ನನ್ನೂ ಎಳೆದುಕೊಂಡು ಹೆಬ್ಬಾಳದ ಹತ್ತಿರದ ಒಂದು ವೆಲ್‌ನೆಸ್ ಸೆಂಟರಿಗೆ ಹೋದರು. ಎಲ್ಲೆಲ್ಲೂ ಗಾಜು, ನಿಂಬೆಹುಲ್ಲಿನ ಘಮ. ಆರಾಮ ಕುರ್ಚಿಗಳಲ್ಲಿ ಆರೋಗ್ಯವಂತರು ಸಾಲಾಗಿ ಒರಗಿ, ಕೈಗೆ ಡ್ರಿಪ್ ಹಾಕಿಸಿಕೊಂಡು ಫೋನ್ ನೋಡುತ್ತಿದ್ದರು. ಎನರ್ಜಿ ಡ್ರಿಪ್ಪಂತೆ. ಡ್ರಿಪ್ ಹಾಕಿಸಿಕೊಂಡವರನ್ನು ಕಂಡರೆ ನನಗೋ, ಛೆ, ಬ್ರೆಡ್ಡು ಮೂಸಂಬಿ ಏನೂ ತರಲಿಲ್ಲವಲ್ಲ ಎಂಬ ಸಂಕೋಚ! ಭಾವನವರ ಕಣ್ಣಿದ್ದುದು ಆಕ್ಸಿಜನ್ ಚೇಂಬರಿನ ಮೇಲೆ. ದೊಡ್ಡ ಕೊಳವೆ, ಒಳಗೆ ಮಲಗಿಸಿ, ಬಾಗಿಲು ಹಾಕಿ, ಒತ್ತಡದಲ್ಲಿ ಆಮ್ಲಜನಕ ಬಿಡುತ್ತಾರೆ. ನಾನು ಜೇಬಿನ ಮಾತ್ರೆ ಮುಟ್ಟಿ ನೋಡಿಕೊಂಡೆ. ಭಾವ ಚಪ್ಪಲಿ ಬಿಟ್ಟರು, ಬಗ್ಗಿದರು, ಬಾಗಿಲಿನ ಅಂಚಿನ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದರು.

"ಈ ಗ್ಯಾಸ್ಕೆಟ್ ಯಾವಾಗ ಚೇಂಜ್ ಮಾಡಿದ್ದಮ್ಮಾ?"

ಅಲ್ಲಿದ್ದ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. "ಗೊತ್ತಿಲ್ಲ ಅಂಕಲ್. ನೀವು ಜಸ್ಟ್ ರಿಲ್ಯಾಕ್ಸ್ ಮಾಡಿ."

"ರಿಲ್ಯಾಕ್ಸಾ? ಪ್ರೆಶರ್ ವೆಸೆಲ್ ಇದು! ಟೆಸ್ಟ್ ಸರ್ಟಿಫಿಕೇಟ್ ತೋರ್ಸು. ಸೇಫ್ಟಿ ವಾಲ್ವ್ ಎಲ್ಲಿದೆ?"

ನೂರಿಪ್ಪತ್ತು ವರ್ಷದ ಆಸೆಗಿಂತ ಮೇಂಟೆನೆನ್ಸ್ ಸೆಕ್ಷನ್ನಿನ ಅಭ್ಯಾಸ ದೊಡ್ಡದಾಯಿತು. ಭಾವ ಒಳಗೆ ಹೋಗಲಿಲ್ಲ. ನಾನು ಆ ಗ್ಯಾಸ್ಕೆಟ್ಟಿಗೆ ಮನಸ್ಸಿನಲ್ಲೇ ಕೈಮುಗಿದೆ.

ಬರಿಗೈಲಿ ಕಳಿಸಬಾರದೆಂದೋ ಏನೋ, ಆ ಹುಡುಗಿ ನಮ್ಮಿಬ್ಬರನ್ನೂ ಒಂದು ಯಂತ್ರದ ಮೇಲೆ ನಿಲ್ಲಿಸಿ, ಅದರ ಹಿಡಿಕೆ ಹಿಡಿಸಿ, "ಬಾಡಿ ಏಜ್" ಅಳೆದಳು. ಅಂದರೆ ಹುಟ್ಟಿದ ತಾರೀಖಿನ ವಯಸ್ಸಲ್ಲ, ದೇಹದ ವಯಸ್ಸು. ಅರವತ್ತನಾಲ್ಕರ ಭಾವನವರಿಗೆ ನಲವತ್ತೆಂಟು ಬಂತು. ಐವತ್ತೆರಡರ ನನಗೆ ಅರವತ್ತೊಂದು! ಚಿಂತೆಗೂ ಬಡ್ಡಿ ಬೀಳುತ್ತದೆಂದು ನನಗೇನು ಗೊತ್ತಿತ್ತು?

ಹೊರಗೆ ಬಂದು ಆಟೋ ನಿಲ್ಲಿಸಿದ ಭಾವ ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತರು. "ಅಣ್ಣಾ, ನೀವು ಮೊದಲು ಹತ್ತಿ. ಹಿರಿಯರು."

ಮನೆಯಲ್ಲೂ ಅದೇ ರಾಗ. "ಅಣ್ಣನೋರಿಗೆ ಕಾಫಿ ಕೊಡೇ. ಮಂಡಿ ನೋವಿರುತ್ತೆ, ಕುರ್ಚಿ ಹಾಕು." ಅಕ್ಕ ವಿಷಯ ತಿಳಿದುಕೊಂಡು, ಕಾಫಿ ಲೋಟ ನನ್ನ ಕೈಗಿತ್ತು, ಗಂಡನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು.

"ಹಾಗಾದ್ರೆ ನಾನೀಗ ಇವ್ರಿಗಿಂತ ದೊಡ್ಡವಳಾದೆ ಅನ್ನು. ಏಯ್ ಹುಡುಗಾ, ನಿಂತ್ಕೊಂಡು ಏನ್ ನೋಡ್ತಿದೀಯಾ? ಓಡಿಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಗೊಂಡ್ಬಾ!"

ಹುಡುಗ ಚೀಲ ಹಿಡಿದು ಹೋದ.

ನಗುತ್ತಿದ್ದ ನಮಗೆ ಆ ನಲವತ್ತೆಂಟು ಎಂಥ ಕೇಡಿನದೆಂದು ಆಮೇಲೆ ಗೊತ್ತಾಯಿತು. ಸೊಪ್ಪು ತಂದಿಟ್ಟ ಭಾವ ಘೋಷಿಸಿದರು: "ನಲವತ್ತೆಂಟರ ಬಾಡಿಗೆ ಅರವತ್ನಾಲ್ಕರ ಮಾತ್ರೆ ಯಾಕೆ? ಭೀಮನ ಅಮಾವಾಸ್ಯೆಗೆ ಈಗಿರೋ ಸ್ಟ್ರಿಪ್ ಮುಗಿಯುತ್ತೆ. ಆಮೇಲೆ ಬಂದ್."

ಕೊಂಡದ್ದನ್ನು ವೇಸ್ಟು ಮಾಡಬಾರದೆಂಬ ಕಾರ್ಖಾನೆ ಬುದ್ಧಿ ನಮಗೆ ಸ್ವಲ್ಪ ಕಾಲಾವಕಾಶ ಕೊಟ್ಟಿತು. ಅಕ್ಕ ಬೈದಳು, ಊಟ ಬಿಟ್ಟಳು. ಭಾವ ಜಗ್ಗಲಿಲ್ಲ. ನಾನು ವಾಕಿಂಗಿನ ನೆಪದಲ್ಲಿ ಅವರನ್ನು ಕೆರೆ ಏರಿಗೆ ಕರೆದೊಯ್ದೆ.

"ಭಾವ, ಒಂದೇ ಒಂದ್ಸಲ ಡಾಕ್ಟ್ರನ್ನ ಕೇಳೋಣ."

"ಕೇಳಿದ್ರೆ ಬೇಡ ಅಂತಾರೆ."

"ಅಲ್ಲ, ಒಂದು ಮಾತ್ರೆ ನುಂಗೋದು ನಿಮಗೇನು ಕಷ್ಟ?"

"ಅವತ್ತು ಆಸ್ಪತ್ರೇಲಿ ಕಣ್ಣು ಬಿಟ್ಟಾಗ ಗಾಜಿನ ಆಚೆ ನಿಮ್ಮಕ್ಕ ಕೂತಿದ್ಳು ಕಣೋ. ಸುಮ್ನೆ ಕೂತಿದ್ಳು. ಪಕ್ಕದೋರ ಹತ್ರ ಮಾತಿಲ್ಲ, ನರ್ಸ್ ಹತ್ರ ಜಗಳ ಇಲ್ಲ. ಮದ್ವೆ ಆದಾಗಿಂದ ಅವಳು ಸುಮ್ನೆ ಕೂತಿದ್ದು ನಾನು ನೋಡೇ ಇರ್ಲಿಲ್ಲ. ಈಗ್ಲೂ ನಾನು ಮಾತ್ರೆ ಬಿಚ್ಚಿದ ತಕ್ಷಣ ಅವಳ ಮುಖ ಹಾಗೇ ಆಗ್ಬಿಡುತ್ತೆ. ಈ ಮಾತ್ರೆ ಇರೋ ತನಕ ನಾನು ಪೇಷಂಟು. ಅವಳ ಕಣ್ಣಿಗೆ ನಾನು ಪೇಷಂಟಾಗಿ ಇರಬಾರ್ದು."



ಭೀಮನ ಅಮಾವಾಸ್ಯೆ ಬಂದೇ ಬಂತು. ಹೆಂಡತಿ ಗಂಡನ ಪಾದಪೂಜೆ ಮಾಡಿ ಅವನ ಆಯಸ್ಸನ್ನು ಬೇಡಿಕೊಳ್ಳುವ ಹಬ್ಬ. ತವರಿನ ತಮ್ಮನಾಗಿ ನನಗೂ ಒಂದು ಕೆಲಸವಿತ್ತು. ಭಂಡಾರ ಒಡೆಯುವುದು: ನಾಣ್ಯ ಹುದುಗಿಸಿದ ಹಿಟ್ಟಿನ ಕಡುಬನ್ನು ಹೊಸಿಲ ಮೇಲಿಟ್ಟು, ಮೊಣಕೈಯಿಂದ ಗುದ್ದಿ ಒಡೆಯಬೇಕು. ಕಡುಬು ಗಟ್ಟಿಯಾಗಿತ್ತೋ, ಅರವತ್ತೊಂದರ ಮೊಣಕೈ ಮೆತ್ತಗಾಗಿತ್ತೋ, ಮೊದಲ ಗುದ್ದಿಗೆ ಚೀರಿದ್ದು ನಾನೇ!

"ಅಣ್ಣಾ, ಕೆಂಪು ದೀಪಕ್ಕೆ ಹಿಡೀರಿ, ಸರಿಹೋಗುತ್ತೆ" ಎಂದರು ಮಣೆಯ ಮೇಲೆ ಕುಳಿತಿದ್ದ ಭಾವ. ಅಕ್ಕ ನಗಲಿಲ್ಲ. ಅವರ ಪಾದ ತೊಳೆದಳು, ಅರಿಶಿನ ಕುಂಕುಮವಿಟ್ಟಳು, ಹೂವೇರಿಸಿ ಆರತಿ ಎತ್ತಿದಳು. ಭಾವ ಅವಳ ಕೈಗೆ ದಾರ ಕಟ್ಟಿದರು. ಅವಳು ಬಗ್ಗಿ ಪಾದಗಳ ಮೇಲೆ ಹಣೆಯಿಟ್ಟಳು. ಭಾವ ಅಕ್ಷತೆ ಹಾಕಿ, ವರ್ಷವೂ ಹೇಳುವಂತೆ, "ದೀರ್ಘಸುಮಂಗಲೀ ಭವ" ಎಂದರು.

ಅಕ್ಕ ಏಳಲಿಲ್ಲ.

"ಆಯ್ತು, ಏಳೇ."

"ಏನಂದ್ರಿ ಈಗ?" ಬಗ್ಗಿದಲ್ಲಿಂದಲೇ ಕೇಳಿದಳು.

"ದೀರ್ಘಸುಮಂಗಲೀ ಭವ ಅಂದೆ."

"ಬೇರೆಯೋರು ಅಂದ್ರೆ ಬಾಯಿಮಾತು. ನೀವು ಅಂದ ಮೇಲೆ ಅದನ್ನ ನಡೆಸಿಕೊಡಬೇಕಾದೋರೂ ನೀವೇ ಅಲ್ವೇನ್ರೀ? ಆರತಿ ತಟ್ಟೆ ಪಕ್ಕದಲ್ಲಿ ಹೊಸ ಸ್ಟ್ರಿಪ್ ಇಟ್ಟಿದೀನಿ."

ಇಷ್ಟು ವರ್ಷ ಎಷ್ಟೋ ಮದುವೆಗಳಲ್ಲಿ ಆ ಎರಡು ಪದ ಕೇಳಿದ್ದೇನೆ. ಗಂಡನ ಬಾಯಿಂದ ಬಂದರೆ ಅದು ಆಶೀರ್ವಾದವಲ್ಲ, ಮುಚ್ಚಳಿಕೆ ಎಂದು ನನಗೆ ಹೊಳೆದೇ ಇರಲಿಲ್ಲ. ಭಾವನವರಿಗೂ ಹೊಳೆದಿರಲಿಲ್ಲವೆಂದು ಕಾಣುತ್ತದೆ. ತಟ್ಟೆ ನೋಡಿದರು, ತಮ್ಮ ಪಾದದ ಮೇಲಿದ್ದ ನರೆತ ತಲೆಯನ್ನು ನೋಡಿದರು. ಮಾತ್ರೆ ಬಿಚ್ಚಿ, ತೀರ್ಥದ ನೀರಿನಲ್ಲೇ ನುಂಗಿದರು.

"ನುಂಗಿದೆ. ಏಳು."

ಆದರೂ ಅವಳು ಏಳಲಿಲ್ಲ. ಬೆನ್ನು ಅಲುಗುತ್ತಿತ್ತು. ಭಾವ ಗಾಬರಿಯಿಂದ ಮಣೆ ಬಿಟ್ಟು ನೆಲಕ್ಕಿಳಿದರು. "ಏಯ್, ಅಳಬೇಡ ಕಣೇ. ದಿನಾ ತಗೋತೀನಿ. ನಿನ್ನಾಣೆ, ದಿನಾ ತಗೋತೀನಿ."

"ಅಳ್ತಿಲ್ಲಾರೀ" ಎಂದಳು ಅಕ್ಕ, ಅಳುತ್ತಲೇ. "ಮಂಡಿ ಹಿಡ್ಕೊಂಡಿದೆ. ಎತ್ರೀ."

ನಾನು ಮುಂದೆ ಬಂದೆ. ಭಾವ ಬೇಡವೆಂದು ಕೈಯಾಡಿಸಿದರು. ಅವಳ ಎರಡೂ ತೋಳು ಹಿಡಿದು, ತಾವೂ ಏದುಸಿರು ಬಿಡುತ್ತ, ನಿಧಾನವಾಗಿ ಎತ್ತಿ ನಿಲ್ಲಿಸಿದರು. ನಿಂತ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ನಾನು ಅಡುಗೆಮನೆಗೆ ಹೋಗಿ, ಅಲ್ಲಿ ನನಗೇನೂ ಕೆಲಸವಿಲ್ಲದಿದ್ದರೂ, ಗ್ಯಾಸ್ ಆಫ್ ಆಗಿದೆಯೋ ಎಂದು ಎರಡೆರಡು ಸಲ ನೋಡಿದೆ.