ಸಮಬಿಗಿ ಪಾನಾದ ಹನ್ನೊಂದನೇ ಸುತ್ತು

"ನಾಲ್ಕು ನಟ್ಟು! ನೋಡು ದಾಕ್ಷಾಯಣಿ, ಚಕ್ರಕ್ಕ ನಾಲ್ಕು ನಟ್ಟು! ನಾ ತಿರುವೂದು ಎಷ್ಟು? ಒಂದಽ ಒಂದು!"

ಚನವೀರಪ್ಪ ಕಾಕಾ ಹೀಗೆ ಕೂಗಿದಾಗ ದಸರೆಯ ಅಷ್ಟಮಿಯ ಸಂಜೆ ಐದು ಗಂಟೆ ನಲವತ್ತು ನಿಮಿಷ. ಸಮಯವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಮುಂದೆ ನಡೆದದ್ದಕ್ಕೆಲ್ಲ ಯಂತ್ರ ಕಾರಣವಲ್ಲ, ಓಣಿಯ ಜನವೇ ಕಾರಣ ಎಂದು ಕಾಕಾ ಈಗ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾರೆ. ಓಣಿಯ ಜನವಂತೆ! ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ಗಂಟೆ ಸಮೇತ, ನಾನು ಬರೆದಿಡುವುದು ಅಗತ್ಯವಾಗಿದೆ.

ಹುಬ್ಬಳ್ಳಿಯ ಗಾಣದ ಓಣಿಯಲ್ಲಿ ಕಾಕಾ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಆಮೇಲೆ ಅವರು ಕಂಡುಹಿಡಿದ ಯಂತ್ರಗಳಲ್ಲಿ ಇದು ಏಳನೆಯದು. ಆರನೆಯದು ರೊಟ್ಟಿ ಬಡಿಯುವ ಯಂತ್ರ. ಅದು ಬಡಿದ ಗುರುತು ಆ ಗೋಡೆಯ ಮೇಲೆ, ನಮ್ಮ ಬದಿಗೂ, ಈಗಲೂ ಇದೆ.

ಏಳನೆಯದು ಟಾರ್ಕ್ ವ್ರೆಂಚ್, ಅಂದರೆ ಬಿಗಿ ಅಳೆದು ನಟ್ಟು ತಿರುವುವ ಪಾನಾ. ಮಾಮೂಲಿ ಪಾನಾ ಎಷ್ಟು ಬಿಗಿದರೂ ಸುಮ್ಮನಿರುತ್ತದೆ, ಇದು ಹಾಗಲ್ಲ. ಇದರ ಹಿಡಿಕೆಯನ್ನು ತಿರುವಿ, ಎಷ್ಟು ಬಿಗಿ ಬೇಕೋ ಆ ಅಂಕಿಗೆ ನಿಲ್ಲಿಸಬೇಕು. ನಟ್ಟು ಅಷ್ಟು ಬಿಗಿಯಾದ ಕೂಡಲೇ ಪಾನಾ 'ಟಕ್' ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇಷ್ಟಾಗಿದ್ದರೆ ಯಾರ ತಕರಾರೂ ಇರಲಿಲ್ಲ. ಕಾಕಾ ಅದರ ಹೊಟ್ಟೆಯೊಳಗೆ ಗುಜರಿಯಿಂದ ತಂದ ಒಂದು ಅಯಸ್ಕಾಂತವನ್ನೂ ಎರಡು ಹಳೇ ರೇಡಿಯೊಗಳ ತಂತಿ ಸುರುಳಿಯನ್ನೂ ತುರುಕಿದ್ದರು.

"ಒಳಗಿನ ಸ್ಪ್ರಿಂಗು ಏನ್ ಹೇಳತೈತಿ, ಸುತ್ತಮುತ್ತ ಇರೂ ಥ್ರೆಡ್ಡೆಲ್ಲಾ ಅದನ್ನ ಕೇಳತಾವು. ಒಂದು ನಟ್ಟು ತೊಂಬತ್ತಕ್ಕ ಬಿಗಿ, ಉಳಿದ ಮೂರೂ ತಾವಽ ತೊಂಬತ್ತು! ಸಮಬಿಗಿ! ಈ ಭೂಮಿ ಮ್ಯಾಲೆ ಯಾಂವರೆ ಮಾಡ್ಯಾನೇನು ಇದನ್ನ?"

"ಯಾರಿಗೂ ಬೇಕಾಗಿರಲಿಕ್ಕಿಲ್ಲ ಕಾಕಾ."

"ನಿನಗೇನ್ ತಿಳಿತೈತಿ, ಸುಮ್ಮಿರು!"

ನಮ್ಮ ಹಳೇ ವ್ಯಾನಿನ ಹಿಂದಿನ ಚಕ್ರಕ್ಕೆ ಪಾನಾ ಹಾಕಿ ನಿಧಾನಕ್ಕೆ ಎಳೆದರು. ಟಕ್! ಉಳಿದ ಮೂರು ನಟ್ಟುಗಳು ಯಾರೂ ಮುಟ್ಟದೆ ಕಾಲು ಸುತ್ತು ತಿರುಗಿ ನಿಂತವು. ಇದು ನಿಜ. ಕಣ್ಣಾರೆ ಕಂಡೆ. ಸುಳ್ಳು ಹೇಳುವುದಿಲ್ಲ.

ಆಮೇಲೆ ಚಹಾ ಕುಡಿಯುತ್ತ, ಪಾನಾವನ್ನು ಜೋಪಾನ ಮಾಡುವ ಬಗೆಯನ್ನು ಕಾಕಾ ನನಗೆ ಹದಿನೈದು ನಿಮಿಷ ಹೇಳಿದರು. ನೆಲಕ್ಕೆ ಬೀಳಿಸಬಾರದು. ನೀರು ತಾಕಿಸಬಾರದು, ಒಣ ಬಟ್ಟೆಯಿಂದ ಒರೆಸಬೇಕು. ಇದರಿಂದ ನಟ್ಟು ಬಿಚ್ಚಬಾರದು. "ಎಲ್ಲಾದಕ್ಕಿಂತ ದೊಡ್ಡದು ಇದು, ಕೇಳು. ಕೆಲಸ ಮುಗಿದ ಕೂಡ್ಲೆ ಹಿಡಿಕಿ ಹಿಂದಕ್ಕ ತಿರುವಿ ಕಡೀ ಅಂಕಿ ಇಪ್ಪತ್ತಕ್ಕ ತರಬೇಕು. ಸ್ಪ್ರಿಂಗಿಗೆ ವಿಶ್ರಾಂತಿ ಬೇಕು. ಇಲ್ಲಂದ್ರ ಅದು ಹೇಳಿದ್ದನ್ನಽ ಹೇಳಕೋತ ಕೂಡತೈತಿ, ತಾಸು ತಾಸಿಗೆ ಇನ್ನಷ್ಟು ದೂರ ಕೇಳಸತೈತಿ. ಹಂಗಂತ ಇಪ್ಪತ್ತಕ್ಕಿಂತ ಕೆಳಗ ಮಾತ್ರ ಸತ್ರೂ ಒಯ್ಯಬಾರದು."

ಈ ಉಪದೇಶ ನಡೆಯುವಷ್ಟು ಹೊತ್ತೂ ಪಾನಾ ತೊಂಬತ್ತರಲ್ಲೇ ಇತ್ತು.

ಆರು ಗಂಟೆ ಹತ್ತು ನಿಮಿಷಕ್ಕೆ ಕಾಕಾ ಅವರ ತಾಯಿ ಈರವ್ವಾಯಿ ಹೊರಗೆ ಬಂದರು. ಎಂಬತ್ತನಾಲ್ಕು ವರ್ಷ. ಪಾನಾವನ್ನು ಎತ್ತಿಕೊಂಡು ಒಳಗೆ ಹೋದರು. ಹುಣಸೆಹಣ್ಣಿನ ನೀರಿನಲ್ಲಿ ಅದನ್ನು ತಿಕ್ಕುವ ಸದ್ದು ಕೇಳಿಸಿತು. ಕಾಕಾ ಚಹಾದ ಬಟ್ಟಲು ಹಿಡಿದುಕೊಂಡೇ ಎದ್ದು ನಿಂತರು.

"ಅವ್ವಾ, ಒಂದು ನಿಮಿಷ..."

"ಏನ್ ನಿಮಿಷ? ನಾಳೆ ಖಂಡೇನವಮಿ, ಆಯುಧಪೂಜಿ. ಎಲ್ಲಾ ಹತಾರ ಈಗಽ ಕೂಡಸಬೇಕು. ಕೂಡಿಸಿದ ಮ್ಯಾಲ ದಶಮಿ ದಿನ ಬನ್ನಿ ಮುಡಿಯೂತನಕ ಯಾರಾದ್ರೂ ಮುಟ್ಟೀರಿ, ಕೈ ಮುರಿತೀನಿ!"

ಪಡಸಾಲೆಯ ನಡುವೆ ಮಣೆ ಹಾಕಿ, ಸುತ್ತಿಗೆ, ಗರಗಸ, ಇಕ್ಕಳಗಳ ನಡುವೆ ಪಾನಾವನ್ನು ಮಲಗಿಸಿ ವಿಭೂತಿ ಹಚ್ಚಿದರು. ಅರವತ್ತೆರಡು ವರ್ಷದ ಮನುಷ್ಯ, ಏಳು ಯಂತ್ರಗಳ ಜನಕ, ತಾಯಿಯ ಮುಂದೆ ಕೈಕಟ್ಟಿ ನಿಂತರು. ನನ್ನ ಕಡೆ ತಿರುಗಿ, "ಏನಾಗೂದಿಲ್ಲ ಬಿಡು" ಎಂದರು.

ಏನಾಗುವುದಿಲ್ಲವಂತೆ!

ಮರುದಿನ ಬೆಳಿಗ್ಗೆ ಆರೂವರೆಗೆ ನಮ್ಮ ಟೂತ್‌ಪೇಸ್ಟಿನ ಮುಚ್ಚಳ ತೆಗೆಯಲು ಬರಲಿಲ್ಲ. ಕೊಬ್ಬರಿ ಎಣ್ಣೆಯ ಬಾಟಲಿಯೂ ಅಷ್ಟೆ. ಕುಂಕುಮದ ಡಬ್ಬಿಯೂ ಅಷ್ಟೆ. ಉಪ್ಪಿನಕಾಯಿಯ ಬಾಟಲಿಯನ್ನು ನಮ್ಮ ಯಜಮಾನರು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ತಿರುವಿದರು. ಮುಚ್ಚಳ ಕದಲಲಿಲ್ಲ, ಅವರೇ ಕುಳಿತಲ್ಲಿ ಅರ್ಧ ಸುತ್ತು ತಿರುಗಿದರು.

ಗೋಡೆಯಾಚೆಗೆ ಕೂಗಿ ಕೇಳಿದೆ. "ಕಾಕಾ, ತೊಂಬತ್ತರ ಬಿಗಿ ಬಿದ್ರ ಗಾಜು ಒಡೀಬೇಕಿತ್ತಲ್ಲ?"

"ಒಡಿಯೂದಿಲ್ಲ! ಅದಽ ನನ್ನ ಶೋಧ!" ಎಂದು ಹೆಮ್ಮೆಯ ಉತ್ತರ ಬಂತು.

ಎಂಟು ಗಂಟೆಯ ಹೊತ್ತಿಗೆ ಓಣಿಯ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಮನೆಗಳವರು ಬಾಟಲಿ ಹಿಡಿದುಕೊಂಡು ಹೊರಗೆ ನಿಂತಿದ್ದರು. ನಾನು ಟೇಪು ಹಿಡಿದು ಅಳೆದೆ. ಬಿಗಿ ತಾಸಿಗೆ ಮೂರು ಅಡಿಯಂತೆ ಹರಡುತ್ತಿತ್ತು. ಹಲ್ಲುಜ್ಜದೆ ಇರಬಹುದು, ಉಪ್ಪಿನಕಾಯಿ ಇಲ್ಲದೆ ಉಣ್ಣಬಹುದು. ಆದರೆ ಅಂದು ಗುರುವಾರ. ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬರುತ್ತದೆ, ಗುರುವಾರ ಬೆಳಿಗ್ಗೆ, ಎರಡು ತಾಸು. ಬಂದದ್ದು, ನಿಂತದ್ದು ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆಯುವವಳು ನಾನೇ. ಹೊಸ ನೀರು ತುಂಬಬೇಕೆಂದು ಹಿಂದಿನ ದಿನವೇ ಎಲ್ಲ ಕೊಡ, ಪೀಪಾಯಿ ಬರಿದು ಮಾಡಿ ತೊಳೆದು ಬೋರಲು ಹಾಕಿದ್ದೆ. ಓಣಿಯ ಹನ್ನೊಂದು ಮನೆಗಳಲ್ಲೂ ಹೀಗೇ. ನಮ್ಮ ಮನೆಯಲ್ಲಿ ಉಳಿದದ್ದು ಒಂದೂವರೆ ಕೊಡ.

ನಲ್ಲಿ ತಿರುವಿ ನೋಡಿದೆ. ಗೋಡೆಯಲ್ಲಿ ಕಲ್ಲು ಕೂಡಿಸಿದಂತಿತ್ತು.

ಒಂಬತ್ತೂವರೆಗೆ ಇಡೀ ಓಣಿ ಕಾಕಾ ಅವರ ಪಡಸಾಲೆಯಲ್ಲಿತ್ತು. ಈರವ್ವಾಯಿ ಮಣೆಯ ಮುಂದೆ ಕಾಲು ಚಾಚಿ ಕುಳಿತಿದ್ದರು, ಮಡಿಲಲ್ಲಿ ಲಟ್ಟಣಿಗೆ.

"ಆಯಿ, ಇವತ್ತ ನೀರು ಬರೂ ದಿನ. ನಲ್ಲಿ ತಿರುಗವಲ್ಲವು. ಕಾಕಾ ಆ ಪಾನಾ ಒಂದೀಟು ಹಿಂದಕ್ಕ ತಿರುವಿದ್ರ ಎಲ್ಲಾ ಸರಿ ಆಗತೈತಿ," ಎಂದೆ.

"ಖಂಡೆ ಪೂಜಿಗೆ ಕೂತಾವು. ಇವತ್ತ ಅವಕ್ಕ ರಜಾ."

"ಅದು ರಜಾದಾಗಿಲ್ಲ ಆಯಿ! ರಾತ್ರಿಯೆಲ್ಲಾ ದುಡದೈತಿ! ಅದಕ್ಕಽ ರಜಾ ಕೊಡ್ರಿ ಅನ್ನಾಕತ್ತೀನಿ!"

"ನನ್ನ ಮಗನಕಿಂತ ಭಾಳ ತಿಳಿದೈತೇನು ನಿನಗ?"

ಮಗ ಕಿಟಕಿಯ ಹೊರಗೆ ನೋಡುತ್ತಿದ್ದರು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ನೀರು ಬಿಡುವ ದಾವಲಸಾಬ ಬಂದ. ನೆಲದೊಳಗಿನ ವಾಲ್ವ್ ಓಣಿಯ ಬಾಯಲ್ಲಿದೆ, ಕಾಕಾ ಅವರ ಮನೆಯಿಂದ ಅರವತ್ತು ಅಡಿ. ಬಿಗಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಉದ್ದನೆಯ ಕೀಲಿ ಹಾಕಿ ವಾಲ್ವ್ ಬಿಚ್ಚಿದ. ಹನ್ನೊಂದು ಮನೆಗಳ ಪೈಪುಗಳಲ್ಲಿ ನೀರು ಗುಳುಗುಳು ಎಂದಿತು. ಒಂದು ಹನಿಯೂ ಹೊರಗೆ ಬರಲಿಲ್ಲ. ವಾರವಿಡೀ ಕಾದ ನೀರು ಗೋಡೆಯೊಳಗೆ ನಿಂತು ಗುಳುಗುಳು ಎನ್ನುವುದನ್ನು ಕೇಳಿದವರಿಗೇ ಗೊತ್ತು ಆ ಸಂಕಟ!

"ಪೈಪ್ ಸಿಕ್ಕಸಿ ತಿರುವ್ರಿ ಅಕ್ಕಾರ, ಹೆಂಗ್ ಬರೂದಿಲ್ಲ ನೋಡೂಣು," ಎಂದ ದಾವಲಸಾಬ.

ನಮ್ಮ ಬಚ್ಚಲಿನ ನಲ್ಲಿಗೆ ದೊಡ್ಡ ಪೈಪ್ ಪಾನಾ ಕಚ್ಚಿಸಿ, ಅದರ ಹಿಡಿಕೆಗೆ ನಾಲ್ಕು ಅಡಿ ಉದ್ದದ ಕೊಳವೆ ಸಿಕ್ಕಿಸಿ, ಮೂವರು ಜೋತುಬಿದ್ದರು. ಎಲ್ಲ ಜೋಡಣೆಗಳೂ ಒಂದೇ ಬಿಗಿಯಾಗಿದ್ದರಿಂದ ಮನೆಯ ಪೈಪೆಲ್ಲ ಒಂದೇ ತುಂಡಾಗಿತ್ತು. ನಲ್ಲಿ ತಿರುಗಲಿಲ್ಲ. ಮಾಳಿಗೆಯ ಮೇಲಿನ ಖಾಲಿ ನೀರಿನ ಟಾಕಿ ತಿರುಗಿತು!

"ಬರಾಕತ್ತೈತಿ, ಬರಾಕತ್ತೈತಿ!" ಎಂದು ಮೂವರೂ ಕೂಗಿದರು. ಬರುತ್ತಿದ್ದದ್ದು ಟಾಕಿ. ಅಂಚಿನಿಂದ ಒಂದು ಗೇಣು ಈಚೆಗೆ ನಿಂತಿತು.

ಹತ್ತು ಐವತ್ತು. ಉಳಿದದ್ದು ಒಂದು ತಾಸು ಇಪ್ಪತ್ತು ನಿಮಿಷ. ನಾನು ಮತ್ತೆ ಪಡಸಾಲೆಗೆ ಓಡಿದೆ. ಆಯಿ ಅಷ್ಟರಲ್ಲಿ ಪಾನಾದ ಮೇಲೆ ಹೊಸ ಹೂವು ಏರಿಸುತ್ತಿದ್ದರು. ಅಂದರೆ ಪೂಜೆ ಮಾಡಿದವರು ಮುಟ್ಟಬಹುದು!

"ಆಯಿ, ಬ್ಯಾರೆಯವರು ಮುಟ್ಟೂದು ಬ್ಯಾಡ. ನೀವಽ ಆ ಹಿಡಿಕಿ ಹಿಡದು ತಿರುವ್ರಲ್ಲ. ಪ್ರದಕ್ಷಿಣಿ ಹಾಕಿಸಿದಂಗ."

ಆಯಿ ಯೋಚಿಸಿದರು. "ಪ್ರದಕ್ಷಿಣಿ ತಪ್ಪಲ್ಲ. ಹನ್ನೊಂದು ಹಾಕಿಸ್ತೀನಿ." ಹಿಡಿಕೆ ಹಿಡಿದು ತಿರುವಿದರು. ಬಲಕ್ಕೆ.

"ಅವ್ವಾ! ಎಡಕ್ಕ! ಎಡಕ್ಕ ತಿರುವಬೇಕು!" ಕಾಕಾ ಕಿಟಕಿ ಬಿಟ್ಟು ಓಡಿಬಂದರು.

"ಎಡಸುತ್ತು ಹಾಕಸ್ತಾರೇನೋ ಮಂಗ್ಯಾ? ಹಬ್ಬದ ದಿನ?"

ಎರಡು. ಮೂರು. ಒಂದು ಸುತ್ತಿಗೆ ಹತ್ತು ಅಂಕಿ. ಪಾನಾ ನೂರಾ ಇಪ್ಪತ್ತಕ್ಕೆ ಬಂತು. ಬಾಗಿಲುಗಳ ಸ್ಕ್ರೂಗಳು ಕೀರ್ ಎಂದು ಕಟ್ಟಿಗೆಯೊಳಗೆ ಇಳಿದವು. ಕಾಕಾ ಅವರ ಚಷ್ಮಾದ ಕಾಲುಗಳು ಮಡಚಲು ಬಾರದಂತೆ ಸೆಟೆದುಕೊಂಡವು. ಬೀದಿಯಿಂದ ದಾವಲಸಾಬನ ಕೂಗು ಕೇಳಿಸಿತು: "ಅಕ್ಕಾರ, ವಾಲ್ವ್ ಹಿಡಕೊಂಡೈತಿ! ಮುಚ್ಚಾಕ ಬರವಲ್ಲದು!"

ಅಂಕಿ ಏರಿದಷ್ಟೂ ಬಿಗಿಯ ಹರವು ಏರುತ್ತದೆ ಎಂಬುದನ್ನು ಕಾಕಾ ಈಗ ಹೇಳಿದರು. ಈಗ!

"ನಿಲ್ಲಸ್ರಿ ಆಯಿ!" ಎಂದು ಹತ್ತು ಜನ ಒಮ್ಮೆಲೇ ಕೂಗಿದೆವು. ಆಯಿ ಕೈಬಿಟ್ಟರು. ಕಣ್ಣು ಕೆಂಪಗಾಗಿದ್ದವು.

"ಪ್ರದಕ್ಷಿಣಿ ನಡುವ ತಡದ್ರಿ! ಎಣಿಕಿ ಕೆಟ್ಟಿತು! ಇನ್ನ ಮೊದಲಿನಿಂದ ಹನ್ನೊಂದು ಹಾಕಬೇಕು!"

ಮತ್ತೆ ಬಲಕ್ಕೆ ಹನ್ನೊಂದು ಸುತ್ತು ಎಂದರೆ ಇನ್ನೂರಾ ಮೂವತ್ತು. ನನಗೆ ಸಿಟ್ಟು ಬಂದಿತ್ತು, ಆದರೆ ತಲೆ ನೆಟ್ಟಗಿತ್ತು. ಗಡಿಯಾರದ ಮುಳ್ಳು ಮುಂದಿನಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ. ಗಡಿಯಾರದ ಹಿಂದೆ ಹೋಗಿ ನಿಂತರೆ?

"ಆಯಿ, ನೀವು ಕೂತಿದ್ದು ಪಾನಾದ ಕಾಲಕಡೆ. ಪೂಜಿ ತಲಿಕಡೆಯಿಂದ ಮಾಡಬೇಕಲ್ಲ? ಈ ಕಡೆ ಬಂದು ಕೂಡ್ರಿ. ಕೈ ಮುಂದ ಚಾಚಿ ಹಿಡಿಕಿ ಹಿಡೀರಿ. ಈಗ ನಿಮ್ಮ ಬಲಕ್ಕಽ ತಿರುವ್ರಿ."

"ಬಲಕ್ಕಽ ಅಲ್ಲ?"

"ಬಲಕ್ಕಽ!"

"ಹಂಗಾದ್ರ ಸೈ."

ಕಾಕಾ ಬಾಯಿ ತೆರೆದು ನನ್ನನ್ನು ನೋಡಿದರು. ಮೂವತ್ತನಾಲ್ಕು ವರ್ಷದ ಫಿಟ್ಟರಿಗೆ ಇದು ಹೊಳೆದಿರಲಿಲ್ಲ! ಆಯಿ ತಿರುವಿದರು. ನೂರಾ ಹತ್ತು. ನೂರು. ತೊಂಬತ್ತು. ಪ್ರತಿ ಸುತ್ತಿಗೂ 'ಓಂ ನಮಃ ಶಿವಾಯ'. ಐವತ್ತು. ಮೂವತ್ತು. ಹತ್ತನೆಯ ಸುತ್ತಿಗೆ ಅಂಕಿ ಇಪ್ಪತ್ತಕ್ಕೆ ಬಂದು ನಿಂತಿತು. ಹೊರಗಿನಿಂದ ಹೆಂಗಸರ ಕೂಗು ಬಂತು: "ತಿರುಗಿತು! ನೀರು ಬಂತು! ನೀರು ಬಂತು!" ಹನ್ನೊಂದು ಗಂಟೆ ಹದಿನೆಂಟು ನಿಮಿಷ. ನಾನು ಕೊಡ ತರಲು ಎದ್ದೆ. ಆ ಕ್ಷಣ ಎಲ್ಲವೂ ಇರಬೇಕಾದಷ್ಟೇ ಬಿಗಿಯಾಗಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ.

"ಸಾಕವ್ವಾ! ಸಾಕು! ಇದರಕಿಂತ ಕೆಳಗ ಬ್ಯಾಡ! ಇಲ್ಲೀತನಕ ಕೇಳಿದ ಥ್ರೆಡ್ಡೆಲ್ಲಾ ಬಿಚ್ಚಕೋತಾವು!" ಕಾಕಾ ಚೀರಿದರು.

"ಹನ್ನೊಂದು ಅಂದ್ರ ಹನ್ನೊಂದು!" ಎಂದರು ಆಯಿ.

ಟಕ್.

ಮೊದಲು ಕಾಕಾ ಅವರ ಚಷ್ಮಾ ಎರಡಾಗಿ ಎರಡು ಕಡೆ ಬಿತ್ತು. ಆಮೇಲೆ ಪಡಸಾಲೆಯ ಫ್ಯಾನು, ಯಾರಿಗೂ ತಾಗದಂತೆ, ವಯರಿಗೆ ಜೋತುಬಿದ್ದು ಮೆಲ್ಲಗೆ ಮಂಚದ ಮೇಲೆ ಇಳಿಯಿತು. ಮಂಚ ಅದನ್ನು ಸ್ವಾಗತಿಸಿ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಚಾಚಿತು. ಬೀದಿಯಲ್ಲಿ ಒಬ್ಬರು ಸೈಕಲ್ಲಿನ ಹ್ಯಾಂಡಲ್ ಕೈಯಲ್ಲಿ ಹಿಡಿದುಕೊಂಡು ನಡೆದುಬರುತ್ತಿದ್ದರು, ಸೈಕಲ್ ಹಿಂದೆಲ್ಲೋ ಇತ್ತು. ನಮ್ಮ ವ್ಯಾನು ನಿಂತಲ್ಲೇ ಮಂಡಿಯೂರಿತು. ಹನ್ನೊಂದು ಮನೆಗಳ ನಲ್ಲಿಗಳೂ ಗೋಡೆಯಿಂದ ಹಾರಿ, ಎದುರಿನ ಗೋಡೆಗೆ ಬಡಿದವು. ಹಿಂದೆಯೇ ತೋಳುಗಾತ್ರದ ನೀರು!

ಕೊಡ ತುಂಬಿತು. ಪೀಪಾಯಿ ತುಂಬಿತು. ಬಚ್ಚಲು, ಅಡಿಗೆಮನೆ, ಪಡಸಾಲೆ ತುಂಬಿ ನೀರು ಹೊಸ್ತಿಲು ದಾಟಿತು. ಮಣೆಯ ಮೇಲಿನ ಪಾನಾ ಕೂಡ ತಿರುಪುಗಳಿಂದಲೇ ಕೂಡಿದ್ದು. ಅದು ಹದಿನಾಲ್ಕು ತುಂಡಾಗಿ ವಿಭೂತಿಯ ಸಮೇತ ಹರವಿಕೊಂಡಿತ್ತು.

"ಜೋಡಸ್ತೀನಿ, ಈಗ ಜೋಡಸ್ತೀನಿ!" ಎಂದು ಕಾಕಾ ಕೈ ಚಾಚಿದರು. ಲಟ್ಟಣಿಗೆ ಮೇಲೆದ್ದಿತು.

"ಬನ್ನಿ ಮುಡಿಯೂತನಕ ಮುಟ್ಟಬ್ಯಾಡ ಅಂದೀನಿ!"

ದಾವಲಸಾಬ ವಾಲ್ವಿಗೆ ಕೀಲಿ ಹಾಕಿ ತಿರುವಿದ. ತಿರುಗಿತು. ಇನ್ನೂ ತಿರುವಿದ. ಇನ್ನೂ ತಿರುಗಿತು. ಹಿಡಿತವೇ ಇಲ್ಲ. ಐವತ್ತು ಸುತ್ತು ತಿರುವಿ, ಕೀಲಿ ಹೆಗಲಿಗೇರಿಸಿ, "ಹೊಸಾದು ಬರೂತನಕ ಹಿಂಗಽ ಅಕ್ಕಾರ" ಎಂದು ಹೇಳಿ ಹೋದ.

ಬಿದ್ದ ನಲ್ಲಿಗಳನ್ನು ಹುಡುಕಿ, ಸುತಲಿ ದಾರ ಸುತ್ತಿ, ಕೈಯಿಂದಲೇ ತಿರುವಿ ಕೂಡಿಸಲು ಮರುದಿನ ಮಧ್ಯಾಹ್ನವಾಯಿತು. ದಶಮಿಯ ಸಂಜೆ ಹಿಮ್ಮಡಿ ಮುಳುಗುವ ನೀರಿನಲ್ಲಿ ನಿಂತು ಒಬ್ಬರಿಗೊಬ್ಬರು ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದುಕೊಂಡೆವು. ಕಾಕಾ ನನಗೆ ಬನ್ನಿ ಕೊಡುವಾಗ ಮೆಲ್ಲಗೆ, "ಯಂತ್ರದ್ದೇನೂ ತಪ್ಪಿಲ್ಲ ದಾಕ್ಷಾಯಣಿ. ನೀವು ಜ್ವಾಕಿ ಮಾಡಲಿಲ್ಲ" ಎಂದರು. ನಾನು ಬನ್ನಿ ತೆಗೆದುಕೊಂಡೆ. ಉತ್ತರ ಇದು, ಇಲ್ಲಿ ಬರೆದಿದ್ದೇನೆ.

ಈ ಮಾತಿಗೆ ಇಂದಿಗೆ ಒಂಬತ್ತು ದಿನ. ಹೊಸ ವಾಲ್ವ್ ಬಂದಿಲ್ಲ. ಕ್ಯಾಲೆಂಡರಿನಲ್ಲಿ ಆ ಗುರುವಾರದ ಮನೆಯಲ್ಲಿ 'ಬಂದದ್ದು 10.10' ಎಂದಿದೆ. 'ನಿಂತದ್ದು' ಎಂಬುದರ ಮುಂದೆ ಬರೆಯಲು ಏನೂ ಸಿಕ್ಕಿಲ್ಲ. ಇಪ್ಪತ್ತನಾಲ್ಕು ತಾಸು ನೀರು ಬರುವ ಓಣಿ ಈ ಭಾಗದಲ್ಲಿ ನಮ್ಮದೊಂದೇ.

ನಿನ್ನೆ ಪತ್ತಾರ ಓಣಿಯಿಂದ ಐದು ಜನ ಬಂದಿದ್ದರು. ಅವರಿಗೆ ನೀರು ಬರುವುದು ವಾರಕ್ಕೊಮ್ಮೆ, ಬುಧವಾರ. ಕಾಕಾ ಹದಿನಾಲ್ಕು ತುಂಡುಗಳನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು, ಎದೆಯುಬ್ಬಿಸಿ ಹೊರಗೆ ಬಂದರು. ಅವರು ಆ ಗಂಟಿನ ಕಡೆ ನೋಡಲಿಲ್ಲ. ಬರುವ ಬುಧವಾರ ಆಯಿ ಬಿಡುವಾಗಿದ್ದಾರೆಯೇ ಎಂದು ಕೇಳಿದರು.