ಎಡೆ ಮುಂದೆ ಟಿವಿ

ಸೀರಿಯಲ್ ತೆಗೆಯುವವರ ಮೇಲೆ ನನ್ನದೊಂದು ದೂರಿದೆ. ನದಿಗೆ ಬಿದ್ದ ಮನುಷ್ಯ ಸತ್ತನೋ ಬದುಕಿದನೋ ಹೇಳಲು ಅವರಿಗೆ ಒಂದೂವರೆ ವರ್ಷ ಬೇಕಾಯಿತು. ಅಷ್ಟರಲ್ಲಿ ನಮ್ಮ ಯಜಮಾನರೇ ಹೋಗಿಬಿಟ್ಟರು.

ನಮ್ಮದು ಕೆಂಚಾರ್ಲಹಳ್ಳಿ. ಸಾಯಂಕಾಲ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಕೈ ತೊಳೆದು, ಏಳು ಗಂಟೆಗೆ ಇಬ್ಬರೂ ಟಿವಿ ಮುಂದೆ ಕೂರುತ್ತಿದ್ದೆವು. ನಾನು ಮೂರನೇ ಕ್ಲಾಸಿಗೇ ಬಿಟ್ಟವಳು. ಸೀರಿಯಲ್ಲಿನಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಅವರೇ ಬಿಡಿಸಿ ಹೇಳಬೇಕು. (ತಪ್ಪು ಹೇಳುತ್ತಿದ್ದರು. ಆದರೂ ಹೇಳುತ್ತಿದ್ದರು.) ಆ ಕಥೆಯ ಗಂಡ ಸೇತುವೆಯಿಂದ ಬಿದ್ದ ದಿನ ನಮ್ಮ ಮನೆಯಲ್ಲಿ ಮಹಾಯುದ್ಧ.

"ಅವನು ಬರ್ತಾನೆ ಕಣೇ. ಹೆಣ ತೋರಿಸಲಿಲ್ಲ ನೋಡು."

"ಅಷ್ಟು ನೀರಿಗೆ ಬಿದ್ದವನು ಎಲ್ಲಿಂದ ಬರ್ತಾನೆ? ಸತ್ತ."

"ಬರ್ತಾನೆ. ಬಂದ ದಿನ 'ನೀವೇ ಗೆದ್ರಿ' ಅಂತ ನಿನ್ನ ಬಾಯಲ್ಲಿ ಹೇಳಿಸ್ತೀನಿ."

"ಹೇಳ್ತೀನಿ ಹೋಗ್ರಿ. ಬರಲಿ ಮೊದಲು."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಒಂದು ಸಲವೂ ಹೇಳಿದವಳಲ್ಲ ನಾನು. ಹದಿನೈದು ದಿನಕ್ಕೆ ಅವರಿಗೆ ಎದೆನೋವು ಬಂತು. ಚಿಂತಾಮಣಿ ಆಸ್ಪತ್ರೆ ಮುಟ್ಟುವ ಮುಂಚೆಯೇ ಮುಗಿಯಿತು.

ಆಮೇಲೆ ನನಗೆ ಸೀರಿಯಲ್ ಅರ್ಥವಾಗುವುದು ನಿಂತಿತು. ಈಗ ಪಕ್ಕದಲ್ಲಿ ಕೂರುವವಳು ಮೊಮ್ಮಗಳು ಹರಿತಾ. ಅವಳಿಗೆ ಸೂಪರ್‌ಹೀರೋ ಬೇಕು, ಮೈಗಂಟಿದ ಬಟ್ಟೆ ಹಾಕಿಕೊಂಡು ಆಕಾಶದಲ್ಲಿ ಓಡಾಡುವವನು. ಸೀರಿಯಲ್ಲಿಗೆ ಜಾಹೀರಾತು ಬಂದರೆ ಅವನನ್ನು ಹಾಕುತ್ತಾಳೆ. ಅವನಿಗೆ ಜಾಹೀರಾತು ಬಂದರೆ ಸೀರಿಯಲ್ ಹಾಕುತ್ತಾಳೆ. ಇಲ್ಲಿ ಅತ್ತೆ ಹಾಲಿಗೆ ವಿಷ ಬೆರೆಸುತ್ತಾಳೆ, ಅಲ್ಲಿ ಅವನು ಕಟ್ಟಡ ಉರುಳಿಸುತ್ತಾನೆ. ಎರಡು ವಾರ ನಾನು ಅವನನ್ನು ಆ ಮನೆಯ ಕಿರಿ ಅಳಿಯ ಎಂದುಕೊಂಡಿದ್ದೆ. ಸಿಟ್ಟು ಜಾಸ್ತಿ, ಆದರೆ ಕೆಲಸಗಾರ ಎಂದು ಮೆಚ್ಚಿಯೂ ಇದ್ದೆ.

ವರ್ಷದ ತಿಥಿ ಮುಗಿದ ಮೇಲೆ, ಈ ಮಹಾಲಯ ಅಮಾವಾಸ್ಯೆಗೆ ಯಜಮಾನರಿಗೆ ಮೊದಲ ಎಡೆ. ಅದೇ ದಿನ ಏಳು ಗಂಟೆಗೆ ನದಿಗೆ ಬಿದ್ದವನ ವಿಷಯ ತೀರ್ಮಾನ ಎಂದು ಟಿವಿಯವರು ವಾರದಿಂದ ಸಾರುತ್ತಿದ್ದರು. ನಮ್ಮಲ್ಲಿ ಫೋಟೋ ಮುಂದೆ ಎಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದಕ್ಕೆಳೆದು ಹೊರಗೆ ಕೂರಬೇಕು. ಅವರು ಬಂದು ಉಣ್ಣುವ ಹೊತ್ತಿನಲ್ಲಿ ಯಾರೂ ಇಣುಕಬಾರದು. ಕೋಳಿಸಾರು, ಮುದ್ದೆ, ವಡೆ, ಕಜ್ಜಾಯ, ಹೊಸ ಪಂಚೆ, ಒಂದು ಕಟ್ಟು ಬೀಡಿ ಇಟ್ಟೆ. ಅವರಿಗೆ ಇಷ್ಟವಾದದ್ದು ಇನ್ನೂ ಒಂದಿತ್ತಲ್ಲ. ಏಳಕ್ಕೆ ಎರಡು ನಿಮಿಷ ಇರುವಾಗ ಟಿವಿಯನ್ನೂ ಹಾಕಿದೆ. ಸೋಪಿನ ಜಾಹೀರಾತು ಬರುತ್ತಿತ್ತು. ಬಾಗಿಲು ಎಳೆದುಕೊಂಡೆ. ಅವರು ನೋಡಲಿ, ನಾನು ಹೊರಗಿನಿಂದ ಕೇಳಿಸಿಕೊಳ್ಳುತ್ತೇನೆ ಎಂದು ನನ್ನ ಘನವಾದ ಆಲೋಚನೆ. (ಸೋಪಿನ ಜಾಹೀರಾತು ಎಲ್ಲ ಚಾನೆಲ್ಲಿನಲ್ಲೂ ಬರುತ್ತದೆ ಎಂಬುದು ಆಗ ಹೊಳೆಯಲಿಲ್ಲ.)

ಜಗುಲಿಯ ಮೇಲೆ ನಾನು, ಹರಿತಾ, ಯಜಮಾನರ ಅಕ್ಕ ಅಕ್ಕಯ್ಯಮ್ಮ. ಎಡೆಯ ವಿಷಯದಲ್ಲಿ ಅತ್ತಿಗೆಯ ಮಾತೇ ಕೊನೆ.

ಒಳಗೆ ಢಮಾರ್ ಎಂದಿತು.

"ಏನೇ ಅದು?" ಎಂದರು ಅತ್ತಿಗೆ.

"ಸೇತುವೆ ಬಿತ್ತೇನೋ," ಎಂದೆ.

ಮತ್ತೆ ಢಮಾರ್. ಗಾಜು ಒಡೆದ ಸದ್ದು. ಲೋಕವನ್ನು ಕಾಪಾಡುವುದು ನನ್ನ ಹೊಣೆ ಎಂದು ಯಾರೋ ಗಡಸು ದನಿಯಲ್ಲಿ ಅಂದರು. ಸೀರಿಯಲ್ಲಿನಲ್ಲಿ ಅಂಥ ಹೊಣೆ ಹೊತ್ತವರು ಯಾರೂ ಇಲ್ಲ.

"ಅಜ್ಜಿ, ಇದು ನನ್ನ ಪಿಚ್ಚರ್," ಎಂದಳು ಹರಿತಾ. "ಮಧ್ಯಾಹ್ನ ಇದೇ ಚಾನೆಲ್ ನೋಡ್ತಿದ್ದೆ. ತಾತ ಲಕ್ಕಿ, ಕ್ಲೈಮ್ಯಾಕ್ಸ್ ಸಿಕ್ತು."

ನಾನು ಎದ್ದೆ. ಅತ್ತಿಗೆ ಸೆರಗು ಹಿಡಿದು ಕೂರಿಸಿದರು.

"ಎಲ್ಲಿಗೇ? ಅವನಿನ್ನೂ ಉಣ್ತಾವ್ನೆ."

"ಚಾನೆಲ್ ಬದಲಾಯಿಸಿ ಬಂದ್ಬಿಡ್ತೀನಿ ಅಕ್ಕಾ. ಕಣ್ಣು ಮುಚ್ಕೊಂಡೇ ಹೋಗ್ತೀನಿ."

"ಕಣ್ಣು ಮುಚ್ಕೊಂಡು ಎಲೆ ತುಳೀತೀಯ. ಕೂತ್ಕೋ. ಬದುಕಿದ್ದಾಗ್ಲೂ ನೆಟ್ಟಗೆ ಉಣ್ಣಕ್ಕೆ ಬಿಡಲಿಲ್ಲ ನೀನು."

ಅರ್ಧ ಗಂಟೆ ಕೂತೆ. ಒಳಗೆ ಯಾವುದೋ ಪಟ್ಟಣ ಉರಿದು ಬೀಳುತ್ತಿತ್ತು. ಪಾಪ, ಅವರಿಗೆ ಮುದ್ದೆ ಇಳಿಯಿತೋ ಇಲ್ಲವೋ.

"ಹೆದರ್ಬೇಡ ಅಜ್ಜಿ. ಅವನು ಸತ್ರೂ ಮುಂದಿನ ಪಾರ್ಟಲ್ಲಿ ಬರ್ತಾನೆ."

"ಎಲ್ಲರೂ ಬರ್ತಾರಮ್ಮ. ನಮ್ಮನೇಲಿ ಮಾತ್ರ ಮುಂದಿನ ಪಾರ್ಟ್ ಇಲ್ಲ," ಎಂದೆ.

ಬಾಗಿಲು ತೆಗೆದಾಗ ಸೀರಿಯಲ್ಲಿನ ಹೊತ್ತು ಮುಗಿದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಜಾನ್ ಬೀ ಬಂದಳು. ಅವಳೂ ಅದೇ ಸೀರಿಯಲ್ ನೋಡುವವಳು.

"ಅವನು ಬಂದನಾ?" ಎಂದೆ.

"ಬಂದ ಅಕ್ಕಾ. ಆದ್ರೆ ಬೇರೆಯವನು."

"ಬೇರೆಯವನು ಅಂದ್ರೆ?"

"ಮುಖ ಬೇರೆ, ಮೂಗು ಬೇರೆ. ಇನ್ಮೇಲೆ ಆ ಪಾರ್ಟು ಇವನೇ ಮಾಡ್ತಾನೆ ಅಂತ ಕೆಳಗಡೆ ಬರೆದಿದ್ರು."

"ಹಂಗಾದ್ರೆ ಬರಲಿಲ್ಲ."

"ಬಂದ ಅಂತಾವ್ಳಲ್ಲೇ," ಎಂದರು ಅತ್ತಿಗೆ.

"ಎರಡೂ ಕರೆಕ್ಟ್," ಎಂದಳು ಹರಿತಾ. "ನನ್ನ ಹೀರೋನೂ ಹಿಂಗೇ. ಇನ್ನೊಂದು ಲೋಕದಲ್ಲಿ ಅವನೇ ಬೇರೆ ಮುಖ ಇಟ್ಕೊಂಡಿರ್ತಾನೆ."

ನನಗೆ ತಲೆ ತಿರುಗಿತು. ಒಬ್ಬನೇ ಮನುಷ್ಯ ಬಂದೂ ಇದ್ದ, ಬರದೆಯೂ ಇದ್ದ. ಬಿಡಿಸಿ ಹೇಳಬೇಕಾದವರು ಫೋಟೋದಲ್ಲಿದ್ದರು.

"ಹೆಂಡ್ತಿ ಏನ್ಮಾಡಿದ್ಲು?" ಎಂದು ಕೇಳಿದೆ.

"ನೋಡಿದ ತಕ್ಷಣ ಗುರುತು ಹಿಡಿದ್ಲು. ಓಡಿಹೋಗಿ ತಬ್ಕೊಂಡ್ಲು," ಎಂದಳು ಜಾನ್ ಬೀ.

"ಬೇರೆ ಮುಖಾನಾ?"

"ಬೇರೆ ಮುಖಾನೇ."

ಮೊದಲು ಆ ಹೆಣ್ಣಿನ ಮೇಲೆ ಅಸಹ್ಯವಾಯಿತು. ಆಮೇಲೆ ಯೋಚಿಸಿದೆ. ನಮ್ಮವರು ಯಾವ ಮುಖ ಇಟ್ಟುಕೊಂಡು ಬಂದರೂ ನಾನು ಒಳಗೆ ಕರೆದು ಮುದ್ದೆ ಹಾಕುವವಳೇ. ಹಾಗಾದರೆ ಅವನು ಬಂದ ಹಾಗೇ ಲೆಕ್ಕ. ನಾನು ಸೋತ ಹಾಗೇ ಲೆಕ್ಕ.

ಫೋಟೋ ಮುಂದೆ ಕೂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ರೀ, ನೀವೇ ಗೆದ್ರಿ. ನಾನು ಸೋತೆ."

ಅತ್ತಿಗೆ ಎಲೆಯಿಂದ ಒಂದು ವಡೆ ತೆಗೆದು ಹರಿತಾಳ ಕೈಗೆ ಕೊಟ್ಟರು.

"ಬಾಗಿಲು ತೆಗೆದ ಮೇಲೆ ಹೇಳಿದ್ರೆ ಯಾರಿಗೆ ಕೇಳ್ಸುತ್ತೇ?" ಎಂದರು. "ಅವನು ಉಂಡು ಹೋಗಿ ಆಯ್ತು. ಇನ್ನು ಬರೋ ವರ್ಷ ಹೇಳು."