ಎಣ್ಣೆ ಕಡ್ಡಿಯ ಮೇಲಿನ ಗೆರೆ

ಬಾಳಾಸಾಹೇಬ ಸಾವುಕಾರರು ಅಂದು ಮುಂಜಾನೆ ತಾವೇ ಎರವಲು ಕೊಟ್ಟ ಮೋಟಾರಿನ ಬಾನೆಟ್ಟು ಎತ್ತದೆ ಇದ್ದಿದ್ದರೆ ಕಾಡಪ್ಪನ ದಿನ ಸುಖವಾಗಿ ಕಳೆಯುತ್ತಿತ್ತು. ಬಸುರಿ ಹೆಂಡತಿಯನ್ನು ಗಡಹಿಂಗ್ಲಜದ ತವರಿಗೆ ಬಿಟ್ಟು, ಅತ್ತೆ ಬಡಿಸಿದ ಹೋಳಿಗೆ ಉಂಡು, ಎಲೆಯಡಿಕೆ ಮೆಲ್ಲುತ್ತ ಸಂಜೆಗೆ ಇಚಲಕರಂಜಿಗೆ ಮರಳುತ್ತಿದ್ದ. ಆದರೆ ಸಾವುಕಾರರು ಎತ್ತಿದರು. ಎತ್ತಿ, ಇಂಜಿನ್ನಿನ ಮಗ್ಗುಲಿಂದ ಒಂದು ಉದ್ದನೆಯ ಕಡ್ಡಿಯನ್ನು ಎಳೆದು, ಚಿಂದಿಯಿಂದ ಒರೆಸಿ, ಮತ್ತೆ ಒಳಗಿಳಿಸಿ, ತೆಗೆದು ಕಾಡಪ್ಪನ ಮೂಗಿನ ಹತ್ತಿರ ಹಿಡಿದರು.

“ಕಾಣತೈತಿ? ಎರಡು ಗೆರಿ ಅದಾವ. ಎಣ್ಣಿ ಮ್ಯಾಲಿನ ಗೆರಿಗೆ ಬರೋಬರ್ ಐತಿ. ತಿರುಗಿ ಬಂದಮ್ಯಾಲೆ ನಾ ಮತ್ತ ಕಡ್ಡಿ ನೋಡತೇನಿ.”

“ಹೌದ್ರಿ ಮಾಲಕ್ರ.”

“ಹೊಸಾ ಶೆಡ್ಡಿನ ಕೀಲಿ ಯಾರ ಕೈಯಾಗ ಕೊಡಬೇಕಂತ ವಿಚಾರ ಮಾಡಾಕತ್ತೇನಿ, ಕಾಡಪ್ಪ. ಹುಷಾರ್ ಹೋಗಿ ಬಾ.”

ಹೊಸ ಮಗ್ಗದ ಶೆಡ್ಡಿನ ಕೀಲಿಯೆಂದರೆ ಕಾಡಪ್ಪನಿಗೆ ಬರೀ ಕೀಲಿಯಲ್ಲ. ಶೆಡ್ಡಿನ ಹಿಂದೆ, ಮಗ್ಗದ ಸದ್ದು ಮುಟ್ಟದಷ್ಟು ದೂರದಲ್ಲಿ, ಕೀಲಿ ಹಿಡಿದು ಮೇಲ್ವಿಚಾರಣೆ ಮಾಡುವ ಮುಕಾದಮನಿಗೆಂದು ಕಟ್ಟಿಸಿದ ಎರಡು ಕೋಣೆಯ ಮನೆ ಇತ್ತು, ಬಾಗಿಲಲ್ಲೇ ನಲ್ಲಿ ಇತ್ತು. ಕಾಡಪ್ಪ, ಹೆಂಡತಿ ಅನ್ನವ್ವ ಇಬ್ಬರೂ ಈಗ ಚಾಳಿನ ಒಂದೇ ಕೋಣೆಯಲ್ಲಿದ್ದರು. ಗೋಡೆಯಾಚೆ ಹಗಲೂ ರಾತ್ರಿ ಮಗ್ಗ ಬಡಿಯುತ್ತಿದ್ದವು. ಹುಟ್ಟುವ ಕೂಸು ಆ ಸದ್ದಿನಲ್ಲಿ ಹೇಗೆ ಕಣ್ಣು ಮುಚ್ಚೀತು ಎಂದು ಅನ್ನವ್ವ ದಿನಾ ಕೇಳುತ್ತಿದ್ದಳು.

ಸಾವುಕಾರರ ಕಾರಖಾನೆಯಲ್ಲಿ ಕಾಡಪ್ಪನ ಕೆಲಸ ತಕ್ಕಡಿಯ ಮುಂದೆ. ನೇಕಾರರಿಗೆ ನೂಲು ತೂಗಿ ಕೊಡುವುದು, ಅವರು ನೇಯ್ದು ತಂದ ಬಟ್ಟೆಯನ್ನು ತೂಗಿ ತೆಗೆದುಕೊಳ್ಳುವುದು. ಕೊಟ್ಟಷ್ಟು ತಿರುಗಿ ಬರಬೇಕು ಎನ್ನುವುದು ಅವನ ರಕ್ತದಲ್ಲೇ ಇಳಿದಿತ್ತು. ‘ಮತ್ತೆ ಕಡ್ಡಿ ನೋಡುತ್ತೇನೆ’ ಎಂದರೆ ಅವನ ಕಿವಿಗೆ ಅದು ತಕ್ಕಡಿಯ ಮಾತಾಗಿಯೇ ಕೇಳಿಸಿತು. ಎಣ್ಣೆ ಮೇಲಿನ ಗೆರೆಯಲ್ಲಿ ಹೋಗುತ್ತದೆ, ಮೇಲಿನ ಗೆರೆಯಲ್ಲೇ ಬರಬೇಕು. ಮಗ್ಗಕ್ಕೆ ಹಾಕಿದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿ ಖರ್ಚಾಗುವುದನ್ನು ಅವನು ಕಣ್ಣಾರೆ ಕಂಡಿದ್ದ. ಇಂಜಿನ್ನಿನ ಎಣ್ಣೆ ಮುಚ್ಚಿದ ಕಬ್ಬಿಣದೊಳಗೆ ಇರುವಂಥದ್ದು, ಅದು ಎಲ್ಲಿಗೆ ಹೋದೀತು?

ಇಂಜಿನ್ನೂ ಎಣ್ಣೆ ತಿನ್ನುತ್ತದೆಂದು ಹೇಳಿಕೊಡಬೇಕಾದವನು ಸಾವುಕಾರರ ಡ್ರೈವರ್ ಮಲ್ಲಾರಿ. ಅವನು ಭತ್ತದ ಕೊಯ್ಲಿಗೆಂದು ಚಂದಗಡದ ಕಡೆ ಹೋಗಿದ್ದ. ಕಾಡಪ್ಪನಿಗೆ ಗಾಡಿ ಕಲಿಸಿದವನು ಅವನೇ. ಸ್ಟೇರಿಂಗು, ಬ್ರೇಕು, ಹಾರ್ನು ಎಲ್ಲವನ್ನೂ ಧಾರಾಳವಾಗಿ ಕಲಿಸಿದ್ದ, ಬಾನೆಟ್ಟಿನ ಕೆಳಗಿನ ವಿದ್ಯೆಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಿದ್ದ.

ಚಾಳಿನವರೆಲ್ಲ ಬೀಳ್ಕೊಡಲು ಬಂದರು. ಪಕ್ಕದ ಮನೆಯ ಗಂಗುಬಾಯಿ ಅನ್ನವ್ವನ ಉಡಿ ತುಂಬಿದಳು. ಮಗ್ಗದ ಫಿಟ್ಟರ್ ಗುರಣ್ಣ ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, “ಕಾಡಪ್ಪ, ಎಣ್ಣಿ ಕಡ್ಡಿ ಗಳಿಗಿಗೊಮ್ಮೆ ನೋಡ್ಕೋತ ಹೋಗಪಾ. ಮಷೀನ್ ಅಂದ್ರ ಎಣ್ಣಿ, ಎಣ್ಣಿ ಅಂದ್ರ ಮಷೀನ್” ಎಂದ. ಗುರಣ್ಣ ಜನ್ಮದಲ್ಲಿ ಮೋಟಾರು ಬಿಚ್ಚಿದವನಲ್ಲ. ಆದರೂ ಕಾಡಪ್ಪನ ಮನಸ್ಸಿನಲ್ಲಿದ್ದ ಹುಳುವಿಗೆ ಅಷ್ಟು ಮೇವು ಸಾಕಾಯಿತು.

ಕಾಗಲ ದಾಟಿ ನಿಪ್ಪಾಣಿ ಮುಗಿಯುವವರೆಗೆ ಅವನು ತಡೆದುಕೊಂಡ. ತವಂದಿ ಘಾಟ ಏರುವಾಗ ಅನ್ನವ್ವ, “ರೀ, ನಿಲ್ಲಸ್ರಿ, ಹೊಟ್ಟಿ ತೊಳಸಾಕತ್ತೈತಿ” ಎಂದಳು. ಏರಿನ ನಡುವೆ ಒಂದು ಚಹಾದಂಗಡಿಯ ಎದುರು ಗಾಡಿ ನಿಂತಿತು. ಹಿಂದಕ್ಕೆ ಸರಿಯದಂತೆ ಗಾಲಿಗೆ ಕಲ್ಲು ಕೊಟ್ಟು ಕಾಡಪ್ಪ ನೇರವಾಗಿ ಬಾನೆಟ್ಟಿಗೆ ಹೋದ. ಕಡ್ಡಿ ಎಳೆದ. ಮೇಲಿನ ಗೆರೆಯಲ್ಲಿ ಎಣ್ಣೆ ಇಲ್ಲ. ಕೆಳಗಿನ ಗೆರೆಯಲ್ಲೂ ಇಲ್ಲ. ಕಡ್ಡಿಯ ತುದಿಯಲ್ಲಿ ಒಂದಿಷ್ಟು ಕರಿ ಹತ್ತಿತ್ತು, ಅಷ್ಟೇ.

“ಎಣ್ಣಿ ಇಲ್ಲ!” ಎಂದು ಅವನು ಚೀರಿದ.

“ಎಲ್ಲಿ ಹೋತ್ರಿ?” ಅನ್ನವ್ವ ಬಾಯಿ ಮುಕ್ಕಳಿಸುತ್ತ ಕೇಳಿದಳು.

“ಅದ ತಿಳಿವಲ್ದು!”

ಚಹಾದಂಗಡಿಯವ ಕೆಟಲಿ ಬಿಟ್ಟು ಬಂದ. “ಬಿಸಿ ಇದ್ದಾಗ ನೋಡಬಾರದ್ರಿ, ಆರಿದ ಮ್ಯಾಲ ನೋಡಬೇಕು” ಎಂದ. ಅಲ್ಲೇ ಎತ್ತು ನಿಲ್ಲಿಸಿಕೊಂಡು ಕೂತಿದ್ದ ಮುದುಕನೊಬ್ಬ, “ಆರಿದ ಮ್ಯಾಲ ನೋಡಿದ್ರ ಏನ್ ಬಂತು? ಜ್ವರ ಇದ್ದಾಗನ ನಾಡಿ ಹಿಡೀಬೇಕು” ಎಂದ. ಎರಡೂ ಮಾತು ಕಾಡಪ್ಪನಿಗೆ ಸರಿಯೆನ್ನಿಸಿದವು. ಗಾಡಿ ಮೂತಿ ಮೇಲೆತ್ತಿ ನಿಂತಿದೆ, ಒಳಗಿನ ಎಣ್ಣೆ ಹಿಂದಕ್ಕೆ ಸರಿದಿದೆ ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ಘಾಟ ಇಳಿದು ಸಂಕೇಶ್ವರ ಮುಟ್ಟುವವರೆಗೆ ಅವನು ಉಸಿರು ಬಿಗಿ ಹಿಡಿದಿದ್ದ. ಪೇಟೆಯಲ್ಲಿ ಎಣ್ಣೆಯ ಡಬ್ಬಿ ಕೊಂಡು, ಮತ್ತೊಮ್ಮೆ ಕಡ್ಡಿ ನೋಡುವ ಧೈರ್ಯವಿಲ್ಲದೆ, ಅರ್ಧಕ್ಕಿಂತ ಹೆಚ್ಚು ಇಂಜಿನ್ನಿಗೆ ಸುರಿದ. ಬೇರು ಒಣಗಿದ ಗಿಡಕ್ಕೆ ನೀರು ಹೊಯ್ದಷ್ಟು ಸಮಾಧಾನವಾಯಿತು.

ಗಡಹಿಂಗ್ಲಜದ ಮಾವನ ಮನೆಯ ಮುಂದೆ ಓಣಿಗೆ ಓಣಿಯೇ ಸೇರಿತ್ತು. ಅತ್ತೆ ಚೆನ್ನವ್ವ ಮಗಳ ನಿವಾಳಿ ತೆಗೆದು ಒಳಗೆ ಕರೆದೊಯ್ದಳು. ಮಾವ ಭೀಮಗೊಂಡ ಬೆಲ್ಲದ ವ್ಯಾಪಾರಿ. ಅಳಿಯನಿಗೆ ಹೊಸ ಧೋತರ ಕೊಟ್ಟು, ಪಕ್ಕದಲ್ಲಿ ಕೂಡಿಸಿಕೊಂಡು ಉಣ್ಣಿಸಿದ. ಊಟವಾದ ಮೇಲೆ ಕಾಡಪ್ಪ ಹೊರಗೆ ಬಂದು, ಆರಿದ ಗಾಡಿಯ ಕಡ್ಡಿ ಎಳೆದು ನೋಡಿ ಅಲ್ಲೇ ಕಲ್ಲಾದ. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಒಂದು ಹೆಬ್ಬೆರಳಿನಷ್ಟು ಮೇಲೇರಿತ್ತು.

“ಹೆಚ್ಚಾಗೈತಿ!”

“ಹೆಚ್ಚಾತೇನು?” ಚೆನ್ನವ್ವನ ಮುಖ ಅರಳಿತು. “ಛಲೋ ಆತು ಬಿಡ್ರಿ, ಅಳಿದೇವ್ರ! ಬಸುರಿ ಕುಂತು ಬಂದ ಗಾಡಿ. ಹೆಚ್ಚಾಗದ ಮತ್ತೇನು ಆದೀತು?” ಎಂದು ಆಕೆ ಒಳಗಿಂದ ಕುಂಕುಮ ತಂದು ಬಾನೆಟ್ಟಿಗೆ ಹಚ್ಚಿಯೇ ಬಿಟ್ಟಳು.

ಕಾಡಪ್ಪನಿಗೆ ಅಳು ಬರುವುದೊಂದು ಬಾಕಿ. ಕಡಿಮೆಯಾದರೆ ತಿಂದನೆನ್ನುತ್ತಾರೆ, ಹೆಚ್ಚಾದರೆ ಏನೆನ್ನುತ್ತಾರೋ? ಭೀಮಗೊಂಡ ಕಡ್ಡಿ ಇಸಿದುಕೊಂಡ. ಯಾವ ಸರಕನ್ನೂ ನಾಲಿಗೆಗೆ ಮುಟ್ಟಿಸದೆ ನಂಬದ ಮನುಷ್ಯ, ರೂಢಿಯಂತೆ ತುದಿಗೆ ನಾಲಿಗೆ ಹಚ್ಚಿ, “ಥೂ!” ಎಂದು ಉಗುಳಿ, “ಮಾಲ್ ಖರೇ ಐತಿ. ಆದ್ರ ಹೆಚ್ಚಿಗಿ ಐತಿ. ಹೆಚ್ಚಿನ ಎಣ್ಣಿ ಇಂಜಿನ್ ಕೆಡಸತೈತಂತ, ತಗೀಬೇಕು” ಎಂದು ತೀರ್ಪು ಕೊಟ್ಟ.

“ಹೆಂಗ ತಗ್ಯೂದ್ರಿ, ಮಾವಾರ?”

“ಕೆಳಗ ನಟ್ ಇರತೈತಿ. ಸ್ವಲ್ಪ ಸಡಿಲ ಮಾಡ್ರಿ, ಎಷ್ಟು ಬೇಕೋ ಅಷ್ಟು ಬಿಡ್ರಿ, ಮತ್ತ ಬಿಗೀರಿ. ಅದರಾಗೇನೈತಿ?”

ಕಾಡಪ್ಪ ಗಾಡಿಯ ಕೆಳಗೆ ಅಂಗಾತ ಮಲಗಿದ. ಯಾರೋ ಅಡಿಗೆಮನೆಯಿಂದ ಒಂದು ಪರಾತ ತಂದು ಸರಿಸಿದರು. ನಟ್ಟು ಮೊದಲ ತಿರುವಿಗೆ ಅಲುಗಲಿಲ್ಲ, ಎರಡನೆಯದಕ್ಕೆ ಅಲುಗಲಿಲ್ಲ, ಮೂರನೆಯದಕ್ಕೆ ಪೂರಾ ಕಳಚಿ ಪರಾತದೊಳಗೆ ಬಿತ್ತು. ಅದರ ಹಿಂದೆಯೇ ಎಣ್ಣೆ ಭರ್ರೆಂದು ಇಳಿಯಿತು. ಕಾಡಪ್ಪ ಕರಿ ಎಣ್ಣೆಯಲ್ಲಿ ಮೊಣಕೈಯವರೆಗೆ ಕೈ ಮುಳುಗಿಸಿ ನಟ್ಟು ಹುಡುಕಿದ. ಸುತ್ತ ನಿಂತವರು “ಎಡಕ್ಕ! ಬಲಕ್ಕ!” ಎಂದು ದಾರಿ ತೋರಿಸುತ್ತಿದ್ದರು. ನಟ್ಟು ಸಿಕ್ಕಾಗ ಸೋರುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

“ಸ್ವಲ್ಪ ಭಾಳ ತಗದ್ರಿ” ಎಂದ ಭೀಮಗೊಂಡ.

ಅಷ್ಟರಲ್ಲಿ ಚೆನ್ನವ್ವ ಹೊರಬಂದು ಪರಾತ ಕಂಡು, “ಯವ್ವಾ, ಹೋಳಿಗಿ ಕಣಕ ನಾದೂ ಪರಾತ!” ಎಂದು ಬಾಗಿಲಲ್ಲೇ ಕುಸಿದು ಕೂತಳು. ಅಳಿಯನೆಂಬ ಮರ್ಯಾದೆಗೆ ಮುಂದಿನ ಮಾತನ್ನು ಆಕೆ ನುಂಗಿದಳು, ಆದರೆ ನೋಟವನ್ನು ನುಂಗಲಿಲ್ಲ.

ಈಗ ತೆಗೆದದ್ದನ್ನು ಮತ್ತೆ ತುಂಬಬೇಕಾಯಿತು. ಎಣ್ಣೆಯಲ್ಲಿ ಓಣಿಯ ಧೂಳು ಬಿದ್ದಿತ್ತು, ಸೋಸಲು ಅರಿವೆ ಬೇಕು. ಕಾಡಪ್ಪನ ಕೈಗೆ ಸಿಕ್ಕದ್ದು ಆಗ ತಾನೇ ಮಾವ ಕೊಟ್ಟ ಹೊಸ ಧೋತರ. ಒಂದೊಂದು ಲೋಟ ಸುರಿದಂತೆ ಒಬ್ಬೊಬ್ಬರು ಕಡ್ಡಿ ಎಳೆದು ನೋಡಿದರು. ಒಬ್ಬ ಸಾಕೆಂದ, ಒಬ್ಬ ಬೇಕೆಂದ, ಒರೆಸದೆ ನೋಡಿದವನೊಬ್ಬ ತುಂಬಿ ತುಳುಕುತ್ತಿದೆ ಎಂದ. ಕೊನೆಗೆ ಎಣ್ಣೆ ಗೆರೆಗೆ ಬಂತೆಂದು ಬಹುಮತದಿಂದ ತೀರ್ಮಾನವಾಯಿತು. ಅನ್ನವ್ವ ಕಿಟಕಿಯಿಂದ ಮೆತ್ತಗೆ, “ಕೀಲಿ ಸಿಕ್ಕರ ಒಂದು ಕಾಗದ ಹಾಕ್ರಿ” ಎಂದಳು. ಎಣ್ಣೆ ಮೆತ್ತಿದ ಗಂಡನನ್ನು ನೋಡಿ ಆಕೆಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಮರಳುವ ದಾರಿಯಲ್ಲಿ ಕಾಡಪ್ಪ ಒಬ್ಬನೇ. ಹಿಂದಿನಿಂದ ಎಣ್ಣೆ ಸುಡುವ ನೀಲಿ ಹೊಗೆ ಏಳುತ್ತಿತ್ತು, ಅದು ಧೂಳೆಂದು ಅವನು ತಿಳಿದ. ಕಾಗಲದ ಹತ್ತಿರ ಕಡ್ಡಿ ನೋಡಿದರೆ ಎಣ್ಣೆ ಎರಡು ಗೆರೆಗಳ ನಡುವೆ ಇಳಿದಿತ್ತು. ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದ. ಇಚಲಕರಂಜಿಯ ಹೊರಗಿನ ಬಯಲಲ್ಲಿ ಗಾಡಿ ಸಪಾಟಾಗಿ ನಿಲ್ಲಿಸಿ, ಆರಿಸಿ, ಒರೆಸಿ, ಅದ್ದಿ ನೋಡಿದ. ಗೆರೆಗಿಂತ ಗುಲಗಂಜಿಯಷ್ಟು ಮೇಲೆ. ನಟ್ಟಿನ ತಂಟೆಗೆ ಹೋಗುವ ಧೈರ್ಯ ಇನ್ನು ಇರಲಿಲ್ಲ. ಕಡ್ಡಿ ಅದ್ದುವುದು, ಅಂಟಿದ ಎಣ್ಣೆಯನ್ನು ಧೋತರಕ್ಕೆ ಒರೆಸುವುದು, ಮತ್ತೆ ಅದ್ದುವುದು. ಹೊತ್ತು ಮುಳುಗುವ ವೇಳೆಗೆ ಎಣ್ಣೆ ಮೇಲಿನ ಗೆರೆಯ ಮೇಲೆ ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಬಂದು ನಿಂತಿತು. ಅವನು ಬಯಲಿನಲ್ಲೇ ಕೈ ಮುಗಿದ.

ಬಾಳಾಸಾಹೇಬರು ಕಂದೀಲು ಹಿಡಿದು ಕಾಯುತ್ತಿದ್ದರು. ಕಡ್ಡಿ ಎಳೆದರು, ಒರೆಸಿದರು, ಇಳಿಸಿದರು, ಎಳೆದರು. ಮುಖದಲ್ಲಿ ಬೆಳಕು ಮೂಡಿತು.

“ಶಾಬಾಸ್! ಹೋದಾಗ ಎಷ್ಟೋ ಬಂದಾಗೂ ಅಷ್ಟ!”

“ನಿಮ್ಮ ಆಶೀರ್ವಾದರಿ” ಎಂದ ಕಾಡಪ್ಪ. ಶೆಡ್ಡಿನ ಹಿಂದಿನ ಎರಡು ಕೋಣೆಯ ಮನೆ ಅವನ ಕಣ್ಣಮುಂದೆ ಬಾಗಿಲು ತೆರೆಯಿತು.

“ಆ ಮಲ್ಲಾರಿ ಐದಾನಲ್ಲ, ಪ್ರತಿ ಸಲ ಗಾಡಿ ಎಣ್ಣಿ ಕುಡೀತೈತ್ರಿ ಅಂತ ಡಬ್ಬಿ ಮ್ಯಾಲ ಡಬ್ಬಿ ತರಸ್ತಿದ್ದ. ನನಗ ಸಂಶೇ ಇತ್ತು. ಅದಕ್ಕ ನಿನ್ನಂಥ ಪ್ರಾಮಾಣಿಕ ಮನಿಷ್ಯಾನ ಕೈಯಾಗ ಗಾಡಿ ಕೊಟ್ಟು ನೋಡಿದೆ. ಗಾಡಿ ಒಂದು ಹನಿ ಕುಡ್ದಿಲ್ಲ. ಕುಡ್ದಾಂವ ಮಲ್ಲಾರಿ!”

ತನಗೆ ಗಾಡಿ ಕಲಿಸಿದವನು ತನ್ನಿಂದಲೇ ಕಳ್ಳನಾದನಲ್ಲ ಎಂದು ಕಾಡಪ್ಪನಿಗೆ ಹೊಳೆಯಿತು. ಕೀಲಿ ಹೋದರೂ ಹೋಗಲಿ ಎಂದು ಅವನು ಬಾಯಿ ಬಿಟ್ಟ.

“ಇಲ್ಲರಿ ಮಾಲಕ್ರ, ಮಲ್ಲಾರಿದು ಖರೇನ ಐತಿ. ಗಾಡಿ ಕುಡೀತೈತ್ರಿ. ಎಣ್ಣಿ ನಾ ಹಾಕೇನ್ರಿ.”

“ನೀ ಹಾಕೀದಿ?”

“ಸಂಕೇಶ್ವರದಾಗ ನಾ ಹಾಕಿದ್ಯಾರಿ. ಗಡಹಿಂಗ್ಲಜದಾಗ ಹೆಚ್ಚಾತ್ರಿ, ಪರಾತದಾಗ ತಗದ್ಯಾರಿ. ಭಾಳ ಹೋತ್ರಿ, ಮತ್ತ ಧೋತರದಾಗ ಸೋಸಿ ಹಾಕಿದ್ಯಾರಿ. ಕಾಗಲದಾಗ ಮತ್ತ ಹಾಕಿದ್ಯಾರಿ. ಬಯಲಾಗ ಕಡ್ಡೀಲೆ ಒರಸಿ ಒರಸಿ ತಗದ್ಯಾರಿ.”

ಸಾವುಕಾರರು ಕಂದೀಲು ಕೆಳಗಿಟ್ಟರು. ಆಮೇಲೆ ಅವನ ಬೆನ್ನು ಚಪ್ಪರಿಸಿದರು. ಅವರ ಕಣ್ಣುಗಳು ಒದ್ದೆಯಾಗಿದ್ದವು.

“ಗಾಡಿ ಕಲಸಿದ ಗುರುವನ್ನ ಉಳಸಾಕ ಎಷ್ಟು ಸುಳ್ಳು ಹೇಳತೀಪಾ! ಹಾಕಿ, ತಗದು, ಮತ್ತ ಹಾಕಿ, ಮತ್ತ ತಗದು! ಹುಚ್ಚರೂ ಹಂಗ ಮಾಡೂದಿಲ್ಲ. ನಿನ್ನ ಮನಸ್ಸು ಭಾಳ ದೊಡ್ಡದು, ಕಾಡಪ್ಪ.”

“ದೇವರಾಣಿರೀ...”

“ಸಾಕು. ಮಲ್ಲಾರಿನ ನಾ ಬಿಡಸೂದಿಲ್ಲ, ನಿನ್ನ ಮುಖಾ ನೋಡಿ. ಇಷ್ಟು ವರ್ಷ ನನ್ನ ಕಣ್ಣಾಗ ಮಣ್ಣು ಹಾಕ್ಯಾನ ಅಂದ್ರ, ಅವನ ಕಣ್ಣಾಗ ಯಾವ ನೇಕಾರ ಮಣ್ಣು ಹಾಕ್ಯಾನು? ಹೊಸಾ ಶೆಡ್ಡಿನ ಕೀಲಿ ಅವಂಗ. ನೂಲು ತೂಗಿ ಕೊಡತೇನಿ, ಅಲ್ಲಿ ಅವನ ಆಟ ನಡ್ಯೂದಿಲ್ಲ. ಗಾಡಿ ಇನ್ನ ಮ್ಯಾಲ ನಿನ್ನ ಕೈಯಾಗ. ನಾಳೆ ಮುಂಜಾನೆ ಪುಣೆಕ್ಕ ಹೋಗೂದೈತಿ. ಎಣ್ಣಿ ಡಬ್ಬಿ ಗಿಬ್ಬಿ ಏನೂ ಬ್ಯಾಡ, ನಿನ್ನ ಕೈಯಾಗ ಗಾಡಿ ಎಣ್ಣಿ ಕುಡ್ಯೂದಿಲ್ಲ.”

ಮರುದಿನ ಮುಂಜಾನೆ ಕಾಡಪ್ಪ ಪುಣೆಯ ದಾರಿ ಹಿಡಿದ. ಸಾವುಕಾರರು ಹಿಂದಿನ ಸೀಟಿನಲ್ಲಿ ಆರಾಮಾಗಿ ಒರಗಿದ್ದರು. ಕಾಡಪ್ಪನ ಸೀಟಿನ ಕೆಳಗೆ, ಹರಕು ಗೋಣಿಯಲ್ಲಿ ಸುತ್ತಿದ ಎಣ್ಣೆಯ ಡಬ್ಬಿ ಇತ್ತು. ಅದನ್ನು ತನ್ನದೇ ಪಗಾರದಲ್ಲಿ ಕೊಂಡಿದ್ದ. ಸ್ವಲ್ಪ ದೂರ ಹೋದ ಮೇಲೆ ಸಾವುಕಾರರು ಮೂಗು ಅರಳಿಸಿದರು.

“ಕಾಡಪ್ಪ, ಎಣ್ಣಿ ವಾಸನಿ ಬರಾಕತ್ತೈತಲ್ಲ?”

“ತಲಿಗಿ ಹಚ್ಕೊಂಡೇನ್ರಿ, ಮಾಲಕ್ರ” ಎಂದ ಕಾಡಪ್ಪ.